ಪುಟ್ಟಿಯ ಮಧ್ಯಾಹ್ನದ ತಲೆನೋವು

ದೊಡ್ಡಕ್ಕನಿಗೆ ಈಗ ಮಧ್ಯಾಹ್ನವೆಂದರೆ ಅಳುಕು. ಊಟದ ಡಬ್ಬಿಗಳು ಚೀಲ ಸೇರಿ, ಹೆಂಗಸರೆಲ್ಲ ಮತ್ತೆ ತಮ್ಮ ತಮ್ಮ ಜಾಗಕ್ಕೆ ಬಂದು ಕೂತು, ಕೋಣೆಯಲ್ಲಿ ಕತ್ತರಿಗಳ ಸದ್ದಷ್ಟೇ ಉಳಿದಾಗ ಅವಳ ಕಣ್ಣು ತಾನಾಗಿಯೇ ಕಿಟಕಿಯ ಪಕ್ಕದ ಸ್ಟೂಲಿನ ಕಡೆ ಹೋಗುತ್ತದೆ. ಅಲ್ಲಿ ಕೂರುವವಳು ಅವಳ ಒಡಹುಟ್ಟಿದ ತಂಗಿ. ತಂಗಿಯ ಕೈ ಹಣೆಗೆ ಹೋದರೆ ಸಾಕು, ದೊಡ್ಡಕ್ಕ ಎಣಿಸುತ್ತಿದ್ದ ಲೆಕ್ಕ ಮರೆಯುತ್ತಾಳೆ. ಆ ತಲೆನೋವನ್ನು ತಂದಿಟ್ಟವಳು ತಾನೇ ಎಂಬುದು ಅವಳಿಗೆ ತೀರಾ ತಡವಾಗಿ ಗೊತ್ತಾಯಿತು.

ದೊಡ್ಡಕ್ಕ ಅಂಗಿ ಹೊಲಿಯುವ ಕಾರ್ಖಾನೆಯೊಂದರ ಕೊನೆಯ ಕೋಣೆಯ ಮೇಲ್ವಿಚಾರಕಿ. ಹೊಲಿಗೆ ಮುಗಿದ ಅಂಗಿಗಳೆಲ್ಲ ಅವಳ ಕೋಣೆಗೆ ಬರಬೇಕು. ಅಲ್ಲಿ ಹೆಂಗಸರು ಸಾಲಾಗಿ ಕೂತು ಜೋತಾಡುವ ದಾರ ಕತ್ತರಿಸುತ್ತಾರೆ, ಗುಂಡಿ ಎಳೆದು ನೋಡುತ್ತಾರೆ. ಮೂಲೆಯಲ್ಲಿ ಇಸ್ತ್ರಿ ಮಾಮ ಇಸ್ತ್ರಿ ತಿಕ್ಕಿ ಕೊಟ್ಟಮೇಲೆ ಕಾಲರಿನೊಳಗೆ ರಟ್ಟು ಸಿಕ್ಕಿಸಿ, ಮಡಚಿ, ಪೆಟ್ಟಿಗೆಗೆ ತುಂಬುತ್ತಾರೆ. ದೊಡ್ಡಕ್ಕ ಬಾಗಿಲ ಹತ್ತಿರ ಮೇಜು ಹಾಕಿಕೊಂಡು ಇಡೀ ಕೋಣೆ ಕಾಣುವ ಹಾಗೆ ಕೂರುತ್ತಾಳೆ. ಅವಳ ಕೈ ಧಾರಾಳ, ಮನಸ್ಸು ಮೆತ್ತಗೆ. ನಾಲಿಗೆಯ ವಿಷಯ ಮಾತ್ರ ಕೇಳಬೇಡಿ. ಎಲುಬಿಲ್ಲದ ನಾಲಿಗೆ ಅನ್ನುತ್ತಾರಲ್ಲ, ಅದು ಇವಳ ಬಾಯಿ ನೋಡಿಯೇ ಹುಟ್ಟಿದ ಮಾತಿರಬೇಕು. ನಿದ್ದೆ ತೂಗುವವಳಿಗೆ, "ಏನಮ್ಮ, ತೊಟ್ಟಿಲು ಕಟ್ಟಿಸ್ಲಾ?" ಅನ್ನುವಳು. ಕೆಲಸ ನಿಧಾನವಾದರೆ, "ಈ ಅಂಗಿ ತೊಡೋನಿಗೆ ಇನ್ನೂ ಹಲ್ಲು ಬಂದಿಲ್ಲ ಅಂತ ಕಾಣುತ್ತೆ, ಆರಾಮಾಗಿ ಮಾಡು" ಅನ್ನುವಳು. ಕೋಣೆ ನಗುತ್ತಿತ್ತು, ಬೈಸಿಕೊಂಡವಳೂ ನಗುತ್ತಿದ್ದಳು, ಕೆಲಸ ಸಾಗುತ್ತಿತ್ತು. ಬೈಗುಳಕ್ಕಿಂತ ಕುಚೋದ್ಯ ವಾಸಿ ಎಂದು ದೊಡ್ಡಕ್ಕ ನಂಬಿದ್ದಳು.

ತಂಗಿಯನ್ನು ಅದೇ ಕೋಣೆಗೆ ಸೇರಿಸಿದವಳೂ ಅವಳೇ. ತಾಯಿ ತೀರಿಕೊಂಡಾಗ ತಂಗಿ ಇನ್ನೂ ಸರಿಯಾಗಿ ಜಡೆ ಹಾಕಿಕೊಳ್ಳಲು ಬಾರದ ಹುಡುಗಿ. ಅವಳ ತಲೆ ಬಾಚಿ, ಶಾಲೆಗೆ ಕಳಿಸಿ, ಮದುವೆ ಮಾಡಿದ್ದೆಲ್ಲ ಅಕ್ಕನೇ. ತಂಗಿಗೆ ಈಗ ಬೆಳೆದ ಮಗಳಿದ್ದಾಳೆ, ಆದರೂ ಅಕ್ಕನ ಬಾಯಲ್ಲಿ ತಂಗಿ ಇನ್ನೂ ಪುಟ್ಟಿಯೇ. ಆದರೆ ಕಾರ್ಖಾನೆಗೆ ಕರೆತಂದ ದಿನ ದೊಡ್ಡಕ್ಕ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟಿದ್ದಳು: "ನೋಡು, ಮನೇಲಿ ನಾನು ನಿನ್ನ ಅಕ್ಕ. ಇಲ್ಲಿ ಎಲ್ಲರಿಗೂ ದೊಡ್ಡಕ್ಕ. ತಂಗಿ ಅಂತ ಸಲಿಗೆ ಕೊಟ್ಳು ಅನ್ನೋ ಮಾತು ನನ್ನ ಕಿವಿಗೆ ಬೀಳಬಾರದು." ಪುಟ್ಟಿ ತಲೆಯಾಡಿಸಿದಳು. ಅಂದಿನಿಂದ ಆ ಕೋಣೆಯೊಳಗೆ ಅಕ್ಕನನ್ನು ಅವಳೂ ಬಹುವಚನದಲ್ಲೇ ಮಾತಾಡಿಸತೊಡಗಿದಳು. ಇನ್ನು ದೊಡ್ಡಕ್ಕನೋ, ಪಕ್ಷಪಾತದ ಮಾತು ಬಾರದಿರಲೆಂದು ಬೇರೆಯವರಿಗೆ ಒಂದು ಚುಚ್ಚಿದರೆ ತಂಗಿಗೆ ಎರಡು ಚುಚ್ಚುವಳು. "ಸ್ವಂತ ತಂಗೀನೇ ಬಿಡಲ್ಲ, ಇನ್ನು ನಮ್ಮನ್ನ ಬಿಡ್ತಾಳಾ" ಎಂದು ಹೆಂಗಸರು ಆಡಿಕೊಂಡರೆ ಅವಳಿಗೆ ಅದೇ ಬಿರುದು.

ಪುಟ್ಟಿಗೆ ತಲೆನೋವು ಶುರುವಾದದ್ದು ಕೆಲಸಕ್ಕೆ ಸೇರಿದ ಎರಡನೆಯ ಬೇಸಿಗೆಯಲ್ಲಿ. ಬೆಳಿಗ್ಗೆ ಚೆನ್ನಾಗಿಯೇ ಇರುವಳು. ಊಟವಾಗಿ ಸ್ವಲ್ಪ ಹೊತ್ತಿಗೆ ಹಣೆಯ ಎರಡೂ ಬದಿ ಬಿಗಿಯತೊಡಗುವುದು. ಮೂರು ಗಂಟೆಯ ಹೊತ್ತಿಗೆ ಬಿಳಿ ಅಂಗಿಯ ಮೇಲಿನ ಬಿಳಿ ದಾರ ಕಾಣದಷ್ಟು ನೋವು. ಮನೆಗೆ ಹೋಗಿ ಒಂದು ನಿದ್ದೆ ತೆಗೆದರೆ ಇಳಿಯುವುದು. ಮರುದಿನ ಮತ್ತೆ ಅದೇ ಕಥೆ.

ತಲೆನೋವು ಒಬ್ಬರಿಗೆ ಬಂದರೆ ಊರೆಲ್ಲ ವೈದ್ಯರು. ಬಿಸಿಲು ಕಣ್ಣಿಗೆ ಹೊಡೀತಿದೆ ಅಂದಳು ಪಕ್ಕದವಳು. ದೊಡ್ಡಕ್ಕ ಕಿಟಕಿಗೆ ದಪ್ಪ ಪರದೆ ಹಾಕಿಸಿದಳು. ಇಸ್ತ್ರಿಯ ಹಬೆ ತಲೆಗೇರುತ್ತೆ ಅಂದಳೊಬ್ಬಳು. ಇಸ್ತ್ರಿ ಮಾಮ ಮುನಿಸಿಕೊಂಡು, "ಹಬೆ ತಲೆಗೇರೋ ಹಾಗಿದ್ರೆ ನನ್ನ ತಲೆ ಇಷ್ಟೊತ್ತಿಗೆ ಬೆಂದು ಹೋಗಿರಬೇಕಿತ್ತು" ಅಂದ. ಕಣ್ಣಿನ ದೋಷ ಅಂದರು. ಕಣ್ಣು ತೋರಿಸಿಕೊಂಡು ಬಂದಾಯಿತು, ಕನ್ನಡಕ ಬಂತು, ನೋವು ಕನ್ನಡಕದ ಹಿಂದೆ ಹಾಗೇ ಕೂತಿತ್ತು. ಮುಲಾಮು ತಿಕ್ಕಿದ್ದಾಯಿತು, ಒದ್ದೆ ಬಟ್ಟೆ ಕಟ್ಟಿದ್ದಾಯಿತು. ಪುಟ್ಟಿ ಯಾವುದಕ್ಕೂ ಬೇಡ ಅನ್ನಲಿಲ್ಲ. ಕೊನೆಗೆ ದೊಡ್ಡಕ್ಕ ತನ್ನ ಮೇಜಿನ ಖಾನೆಯಲ್ಲಿ ನೋವಿನ ಮಾತ್ರೆಯ ಪಟ್ಟಿ ತಂದಿಟ್ಟಳು. ದಿನಾ ಊಟವಾದ ಮೇಲೆ ತಾನೇ ಎದ್ದು ಹೋಗಿ ತಂಗಿಯ ಅಂಗೈಯಲ್ಲಿ ಒಂದು ಮಾತ್ರೆ ಇಡುವಳು. ಪುಟ್ಟಿ ಒಂದು ಗುಟುಕು ನೀರಿನಲ್ಲಿ ಅದನ್ನು ನುಂಗಿ ಕತ್ತರಿ ಹಿಡಿಯುವಳು. ಒಂದು ಸಾಲದಾದಾಗ ಎರಡು ಕೊಟ್ಟಳು. ಹೀಗೆ ಚಳಿಗಾಲವೂ ಕಳೆಯಿತು, ಮತ್ತೊಂದು ಬೇಸಿಗೆಯೂ ಬಂತು.

ಆ ಬೇಸಿಗೆಯಲ್ಲೇ ಒಂದು ಮಧ್ಯಾಹ್ನ ಪುಟ್ಟಿ ಸ್ಟೂಲಿನಿಂದ ಎದ್ದವಳು ಎರಡು ಹೆಜ್ಜೆ ಇಟ್ಟು ಮಡಚಿಟ್ಟ ಅಂಗಿಗಳ ರಾಶಿಯ ಮೇಲೆ ಕುಸಿದಳು. ಇಸ್ತ್ರಿ ಮಾಮ ಓಡಿಬಂದು ಎತ್ತಿದ. ದೊಡ್ಡಕ್ಕ ಚಪ್ಪಲಿ ಮೆಟ್ಟುವುದನ್ನೂ ಮರೆತು ತಂಗಿಯನ್ನು ಆಟೋದಲ್ಲಿ ಹಾಕಿಕೊಂಡು ದವಾಖಾನೆಗೆ ಹೋದಳು.

ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು, ಮಾತು ಕಡಿಮೆ. ಕಣ್ಣಿನ ರೆಪ್ಪೆ ಎಳೆದು ನೋಡಿದಳು, ರಕ್ತದೊತ್ತಡ ನೋಡಿದಳು, ನಾಲಿಗೆ ಚಾಚಿಸಿದಳು. ಆಮೇಲೆ, "ದಿನಕ್ಕೆ ಎಷ್ಟು ನೀರು ಕುಡೀತೀರಿ?" ಎಂದು ಕೇಳಿದಳು.

"ಕುಡೀತಾಳೆ ಡಾಕ್ಟ್ರೇ. ಬೆಳಿಗ್ಗೆ ಮನೆಯಿಂದಲೇ ದೊಡ್ಡ ಬಾಟಲಿ ತುಂಬಿಸ್ಕೊಂಡು ಬರ್ತಾಳೆ," ಎಂದು ದೊಡ್ಡಕ್ಕನೇ ಉತ್ತರ ಕೊಟ್ಟಳು.

"ಅವರು ಹೇಳಲಿ."

ಪುಟ್ಟಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ತುಂಬಿಸ್ಕೊಂಡು ಬರ್ತೀನಿ. ಕುಡಿಯಲ್ಲ. ಸಂಜೆ ವಾಪಸ್ ಹೋಗುವಾಗ ದಾರೀಲಿ ಒಂದು ಮರ ಇದೆ, ಅದರ ಬುಡಕ್ಕೆ ಸುರೀತೀನಿ."

"ಯಾಕೆ?"

"ಕುಡಿದ್ರೆ ಎದ್ದು ಹೋಗಬೇಕಾಗುತ್ತೆ."

"ಅಲ್ಲಿ ಶೌಚಾಲಯಕ್ಕೆ ಹೋಗೋಕೆ ಬಿಡೋದಿಲ್ವಾ?"

"ಯಾರೂ ಬೇಡ ಅನ್ನಲ್ಲ. ನನಗೇ ಒಂಥರಾ," ಎಂದಳು ಪುಟ್ಟಿ. ಅಕ್ಕನ ಕಡೆ ತಿರುಗಿಯೂ ನೋಡಲಿಲ್ಲ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ದೊಡ್ಡಕ್ಕನ ಕೈ ತಾನಾಗಿಯೇ ಎದ್ದು ಬಾಯಿ ಮುಚ್ಚಿತು. ಅವಳಿಗೆ ಎಲ್ಲ ನೆನಪಾಯಿತು. ಕಾರ್ಖಾನೆಯಲ್ಲಿ ಹೆಂಗಸರ ಶೌಚಾಲಯ ಇರುವುದು ಕೆಳಗೆ, ಗೋಡೌನಿನ ಹಿಂದೆ. ಬೀಗದ ಕೈ ನೇತುಹಾಕಿದ್ದ ಮೊಳೆ ದೊಡ್ಡಕ್ಕನ ಕುರ್ಚಿಯ ಹಿಂದೆ. ಕಳೆದುಹೋಗದಿರಲೆಂದು ಅದಕ್ಕೆ ಮುಷ್ಟಿಗಾತ್ರದ ಮರದ ಉರುಳೆ ಕಟ್ಟಿದ್ದಳು. ಯಾರು ಎದ್ದರೂ ಇಡೀ ಕೋಣೆಯ ಎದುರು ಅದನ್ನು ಹಿಡಿದುಕೊಂಡೇ ಹೋಗಬೇಕು. ಹಿಂದಿನ ಬೇಸಿಗೆಯ ಒಂದು ಬೆಳಿಗ್ಗೆ, ಲಾರಿ ಬಂದು ನಿಂತಿತ್ತು, ಪೆಟ್ಟಿಗೆಗಳು ತುಂಬಿರಲಿಲ್ಲ, ಪುಟ್ಟಿ ಎರಡನೆಯ ಸಲ ಬೀಗದ ಕೈಗೆಂದು ಬಂದಳು. ದೊಡ್ಡಕ್ಕ ಮುಖವೆತ್ತದೆಯೇ, "ಏನಮ್ಮ, ಸ್ಟೂಲನ್ನ ಅಲ್ಲೇ ಹಾಕಿಸ್ಲಾ? ಅಂಗಿ ಕೆಳಗೇ ಕಳಿಸ್ತೀನಿ, ಎರಡೂ ಕೆಲಸ ಒಟ್ಟಿಗೇ ಮುಗಿಸ್ಕೊಂಡು ಬಾ" ಅಂದಿದ್ದಳು. ಕೋಣೆಗೆ ಕೋಣೆಯೇ ಬಿದ್ದು ಬಿದ್ದು ನಕ್ಕಿತು. ಇಸ್ತ್ರಿ ಮಾಮನೂ ಇಸ್ತ್ರಿ ಎತ್ತಿ ಹಿಡಿದುಕೊಂಡೇ ನಕ್ಕ. ಪುಟ್ಟಿಯೂ ನಕ್ಕಳು. ನಕ್ಕು, ಉರುಳೆಯನ್ನು ಮೊಳೆಗೆ ಮತ್ತೆ ಸಿಕ್ಕಿಸಿ, ಹೋಗದೆ ತನ್ನ ಜಾಗದಲ್ಲಿ ಕೂತಳು. ಅವಳು ಹೋಗದೆ ಕೂತದ್ದು ಅಂದು ದೊಡ್ಡಕ್ಕನ ಲೆಕ್ಕಕ್ಕೇ ಬಂದಿರಲಿಲ್ಲ.

ಡಾಕ್ಟರಮ್ಮ ಮಾತ್ರೆಯ ವಿಷಯ ಕೇಳಿ ಪೆನ್ನು ಕೆಳಗಿಟ್ಟಳು. "ದಿನಾನಾ? ವರ್ಷ ಪೂರ್ತಿನಾ? ಮೈಯಲ್ಲಿ ನೀರಿಲ್ಲದಾಗ ಈ ಮಾತ್ರೆ ಸೀದಾ ಕಿಡ್ನಿಗೆ ಪೆಟ್ಟು ಕೊಡುತ್ತೆ. ಜೊತೆಗೆ, ದಿನಾ ನುಂಗಿದ್ರೆ ಮಾತ್ರೆಯೇ ತಲೆನೋವು ತರುತ್ತೆ." ರಕ್ತ ಪರೀಕ್ಷೆಗೆ ಕಳಿಸಿದಳು. ವರದಿ ಬಂದಾಗ ಅವಳ ಹುಬ್ಬು ಗಂಟಾಯಿತು. ಕಿಡ್ನಿ ಸೋತಿದೆ, ಆದರೆ ಕೈ ಮೀರಿಲ್ಲ. ಮಾತ್ರೆ ಇವತ್ತಿಗೇ ನಿಲ್ಲಬೇಕು, ಗಂಟೆ ಗಂಟೆಗೆ ನೀರು ಕುಡಿಯಬೇಕು, ಹೀಗೇ ಬಿಟ್ಟರೆ ಮುಂದೆ ಯಾರ ಕೈಯಲ್ಲೂ ಏನೂ ಇರುವುದಿಲ್ಲ ಎಂದಳು. ಆಮೇಲೆ ದೊಡ್ಡಕ್ಕನ ಕಡೆ ತಿರುಗಿ, "ಅಲ್ಲಿ ಮೇಲ್ವಿಚಾರಕಿ ಯಾರೋ ಇರಬೇಕಲ್ಲ. ಇವರು ಹೆದರ್ತಾರೆ. ನೀವು ಅಕ್ಕ, ನೀವಾದ್ರೂ ಹೋಗಿ ಆ ಹೆಂಗಸಿಗೆ ಸ್ವಲ್ಪ ಬುದ್ಧಿ ಹೇಳಿ" ಎಂದಳು.

"ಹೇಳ್ತೀನಿ" ಎಂದಳು ದೊಡ್ಡಕ್ಕ. ಅಷ್ಟೇ ಹೇಳಿದಳು ಪುಣ್ಯಾತ್ಗಿತ್ತಿ. ಕೋಣೆ ತುಂಬ ಕೇಳುವ ಹಾಗೆ ಆಡುತ್ತಿದ್ದ ಬಾಯಿಂದ ಆ ಹೊತ್ತಿನಲ್ಲಿ ಒಂದು "ನಾನೇ" ಹೊರಡಲಿಲ್ಲ.

ಆ ರಾತ್ರಿ ಊಟಕ್ಕೆ ಕೂತವಳು ತಟ್ಟೆ ಮುಂದೆ ಹಾಗೇ ಕೂತಿದ್ದಳು. ಮಗುವನ್ನು ಚಿವುಟಿದವಳೂ ನಾನೇ, ತೊಟ್ಟಿಲು ತೂಗಿದವಳೂ ನಾನೇ ಎಂದು ಅನ್ನಿಸಿ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ಪರದೆ ಹಾಕಿಸಿದ್ದು, ಕನ್ನಡಕ ಮಾಡಿಸಿದ್ದು, ದಿನಾ ಎಲ್ಲರೆದುರು ಎದ್ದು ಹೋಗಿ ಮಾತ್ರೆ ಕೊಟ್ಟು ಒಳ್ಳೆಯವಳೆನಿಸಿಕೊಂಡದ್ದು, ಒಂದೊಂದೂ ನೆನಪಾಗಿ ಚುಚ್ಚಿತು.

ಮರುದಿನವೇ ಮೊಳೆಯನ್ನು ಕಿತ್ತು ಬಾಗಿಲ ಹೊರಗೆ ಹೊಡೆಸಿದಳು, ಉರುಳೆ ಬಿಚ್ಚಿ ಎಸೆದಳು. ಆಮೇಲೆ ಕೋಣೆಯ ನಡುವೆ ನಿಂತು, "ಎಲ್ಲರೂ ನೀರು ಕುಡೀರಿ. ಯಾವಾಗ ಬೇಕಾದ್ರೂ ಎದ್ದು ಹೋಗಿ ಬನ್ನಿ" ಎಂದಳು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎಲ್ಲೋ ಹಿಂದಿನಿಂದ ಕಿಸಕ್ಕೆಂದು ನಗು ಬಂತು, ಅದರ ಹಿಂದೆ ಇನ್ನೊಂದು. ಇದೂ ದೊಡ್ಡಕ್ಕನ ಹೊಸ ಕುಚೋದ್ಯವೆಂದು ತಿಳಿದು ಕೋಣೆ ನಕ್ಕಿತು. ಯಾರೂ ಏಳಲಿಲ್ಲ.

"ನಗಬೇಡಿ," ಎಂದಳು ದೊಡ್ಡಕ್ಕ. ಸ್ವರ ಬೇರೆಯಾಗಿದ್ದು ಕೇಳಿ ಕತ್ತರಿಗಳು ನಿಂತವು. "ಹೋದ ಬೇಸಿಗೇಲಿ ನನ್ನ ತಂಗಿಗೆ ನಿಮ್ಮೆಲ್ಲರ ಎದುರಿಗೆ ನಾನೊಂದು ಮಾತಂದೆ. ಅವತ್ತಿಂದ ಅವಳು ನೀರು ಬಿಟ್ಟಿದ್ದಾಳೆ. ತಪ್ಪು ನಂದು. ಪುಟ್ಟಿ, ತಪ್ಪಾಯ್ತು ಕಣೇ." ಪುಟ್ಟಿ ತಲೆ ತಗ್ಗಿಸಿ, "ಇರ್ಲಿ ಬಿಡಿ ದೊಡ್ಡಕ್ಕ" ಎಂದಳು. ಹಾಗೆ ಅಂದು ಬಾಟಲಿಯ ಮುಚ್ಚಳ ತೆಗೆದು ಎಲ್ಲರೂ ನೋಡುವಂತೆ ಕುಡಿದಳು. ದೊಡ್ಡಕ್ಕನಿಗೆ ಹೋದ ಜೀವ ಬಂದ ಹಾಗಾಯಿತು.

ಆದರೆ ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮಾತ್ರೆ ನಿಂತು ವಾರಗಳಾದರೂ ಪುಟ್ಟಿಯ ಕೈ ಮಧ್ಯಾಹ್ನ ಹಣೆಗೆ ಹೋಗುವುದು ನಿಲ್ಲಲಿಲ್ಲ. ಮತ್ತೆ ರಕ್ತ ಪರೀಕ್ಷೆ ಮಾಡಿಸಿದರೆ ಹಿಂದಿದ್ದಂತೆಯೇ ಇತ್ತು. ಈ ಸಲ ಡಾಕ್ಟರಮ್ಮ ಬಾಯಿ ತೆರೆಯುವ ಮೊದಲೇ ದೊಡ್ಡಕ್ಕ ಹೇಳಿದಳು: "ಆ ಮೇಲ್ವಿಚಾರಕಿ ನಾನೇ ಡಾಕ್ಟ್ರೇ. ಅವತ್ತು ಹೇಳಲಿಲ್ಲ."

ಬೈಯುತ್ತಾಳೆ ಎಂದುಕೊಂಡಿದ್ದಳು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಡಾಕ್ಟರಮ್ಮ ವರದಿಯಿಂದ ಕಣ್ಣೆತ್ತದೆ, "ಸರಿ. ಇವರು ನೀರು ಕುಡೀತಿದ್ದಾರಾ ಇಲ್ವಾ, ನನಗೆ ಅದು ಹೇಳಿ" ಎಂದಳು. ಪುಟ್ಟಿ ಚೀಲದಿಂದ ಇಣುಕುತ್ತಿದ್ದ ತುಂಬಿದ ಬಾಟಲಿಯನ್ನು ಒಳಗೆ ತಳ್ಳಿದಳು.

ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತಾಗ ದೊಡ್ಡಕ್ಕ ಕೇಳಿದಳು. "ಇನ್ನೂ ನನ್ನ ಮೇಲೆ ಕೋಪ ಇದ್ಯಾ?"

"ಇಲ್ಲ ಅಕ್ಕ."

"ಮತ್ತೆ?"

"ಮನೇಲಿ ಕುಡೀತೀನಿ. ಬಸ್ಸಲ್ಲೂ ಕುಡೀತೀನಿ. ಅಲ್ಲಿಗೆ ಬಂದ್ಮೇಲೆ ಬಾಟಲಿ ಬಾಯಿಗೆ ಇಡ್ತೀನಿ, ಎದುರಿಗೆ ನೀನು ಕೂತಿರೋದು ಕಾಣುತ್ತೆ. ಆಗ ಒಳಗೆ ಹೋಗಲ್ಲ." ಪುಟ್ಟಿಯ ಕಣ್ಣಲ್ಲಿ ನೀರು ತುಂಬಿತ್ತು. "ನೀನೇನೂ ಅನ್ನಲ್ಲ ಅಂತ ಗೊತ್ತು. ನಿನ್ನ ಮೇಲಾಣೆ, ಬೇಕಂತ ಮಾಡ್ತಿಲ್ಲ. ಬೇರೆ ಕಡೆ ಕೆಲಸ ನೋಡ್ಕೊಳ್ಳಲಾ ಅಂತ ಯೋಚನೆ ಮಾಡ್ತಿದ್ದೆ. ನಿನಗೆ ಬೇಜಾರಾಗುತ್ತೆ ಅಂತ ಹೇಳಲಿಲ್ಲ."

ದೊಡ್ಡಕ್ಕ ತನ್ನ ಸೆರಗಿನಿಂದ ತಂಗಿಯ ಕಣ್ಣು ಒರೆಸಿದಳು. ಬಸ್ಸು ಬಂತು, ಹತ್ತಿದರು, ತಂಗಿಗೆ ಕಿಟಕಿ ಪಕ್ಕ ಬಿಟ್ಟುಕೊಟ್ಟಳು. "ನೀನು ಎಲ್ಲೂ ಹೋಗಬೇಡ" ಎಂದಳು ಇಳಿಯುವಾಗ.

ಮಾರನೆಯ ದಿನ ಕೆಲಸ ಶುರುವಾಗಿ ಸ್ವಲ್ಪ ಹೊತ್ತಿಗೆ ಅವಳು ಮೇಜು ಬಿಟ್ಟು ಎದ್ದಳು. "ಗೋಡೌನಿಗೆ ಹೋಗಿ ಬರ್ತೀನಿ, ತಡ ಆಗುತ್ತೆ" ಎಂದು ಯಾರಿಗೋ ಎಂಬಂತೆ ಹೇಳಿ ಬಾಗಿಲು ಎಳೆದುಕೊಂಡಳು. ಕೆಳಗೆ ಅವಳಿಗೆ ಯಾವ ಕೆಲಸವೂ ಇರಲಿಲ್ಲ; ಮೇಲೆ ತನ್ನ ಕುರ್ಚಿ ಖಾಲಿ ಇರಬೇಕಿತ್ತು, ಅಷ್ಟೇ. ಪೆಟ್ಟಿಗೆ ಹೊರುವವನು, "ಏನಾದ್ರೂ ಬೇಕಿತ್ತಾ ದೊಡ್ಡಕ್ಕ?" ಎಂದು ಕೇಳಿದ. "ಏನಿಲ್ಲಪ್ಪ, ನೀನು ನಿನ್ನ ಕೆಲಸ ನೋಡು," ಎಂದಳು. ಮಧ್ಯಾಹ್ನ ಊಟಕ್ಕೆ ಮುಂಚೆ ಮತ್ತೊಮ್ಮೆ ಇಳಿದು ಬಂದಳು. ಹೀಗೇ ದಿನಾ ಬರತೊಡಗಿದಳು.

ಮೊದಲ ದಿನಗಳಲ್ಲಿ ಆ ಹೊತ್ತಿಗೆ ಶೌಚಾಲಯದ ಕಡೆ ಯಾರೂ ಬರಲಿಲ್ಲ. ಒಂದು ದಿನ ಮೆಟ್ಟಿಲ ಮೇಲೆ ಚಪ್ಪಲಿಗಳ ಸದ್ದಾಯಿತು. ಇಬ್ಬರು ಹೆಂಗಸರು ಇಳಿದು ಬರುತ್ತಿದ್ದರು, ಅವರ ನಡುವೆ ಪುಟ್ಟಿ. ಏನೋ ಮಾತಿಗೆ ಬಾಯ್ತುಂಬ ನಗುತ್ತಿದ್ದಳು. ತಂಗಿ ಹಾಗೆ ನಗುವುದನ್ನು ನೋಡದೆ ಎಷ್ಟು ಕಾಲವಾಗಿತ್ತು. ಹತ್ತಿರ ಹೋಗಿ ಅವಳ ಮುಖ ನೋಡಬೇಕೆಂದು ದೊಡ್ಡಕ್ಕನಿಗೆ ತಡೆಯಲಾರದಷ್ಟು ಆಸೆಯಾಯಿತು. ಆದರೆ ಅವಳು ಸೀರೆಯ ನೆರಿಗೆ ಎತ್ತಿ ಹಿಡಿದು, ಸದ್ದಾಗದ ಹಾಗೆ ಪೆಟ್ಟಿಗೆಗಳ ರಾಶಿಯ ಹಿಂದೆ ಸರಿದಳು. ತಂಗಿ ಹೋಗಿ, ವಾಪಸ್ ಬಂದು, ಮೆಟ್ಟಿಲು ಹತ್ತುವವರೆಗೂ ಅಲ್ಲೇ ಗೋಡೆಗೆ ಒತ್ತಿಕೊಂಡು ನಿಂತಿದ್ದಳು.