ಬೂದಿ ಮುಖದವರ ಪರ

ಕೇಬಲ್ ಟಿ.ವಿ. ಹುಬ್ಬಳ್ಳಿಯ ಓಣಿಗಳಿಗೆ ಬಂದ ಹೊಸದರಲ್ಲಿ ನಮ್ಮ ಮನೆಯೊಳಗೆ ಅದು ಕಾಲಿಡಲಿಲ್ಲ. ನಾನು ಪಿಯುಸಿಯಲ್ಲಿದ್ದೆ. ನನ್ನ ಪರೀಕ್ಷೆಗಳೆಲ್ಲ ಮುಗಿಯುವವರೆಗೆ ಆ ತಂತಿ ಮನೆಗೆ ಬರಕೂಡದೆಂದು ಅಪ್ಪ ಹೇಳಿಬಿಟ್ಟಿದ್ದರು. ಆದರೆ ಕಮರಿಪೇಟೆಯ ಆ ಮನೆಯಲ್ಲಿ ನಾವಿದ್ದದ್ದು ಮೇಲೆ. ಕೆಳಗೆ, ಬೀದಿಗೆ ತೆರೆದುಕೊಂಡ ಒಂದು ಕೋಣೆಯಲ್ಲಿ ಟಿ.ವಿ. ರಿಪೇರಿಯ ಅಂಗಡಿಯಿತ್ತು. ಅಲ್ಲಿಗೆ ತಂತಿ ಬಂದಿತ್ತು.

ಅಂಗಡಿಯವರನ್ನು ನಾನು ಕಾಕಾ ಎನ್ನುತ್ತಿದ್ದೆ. ನಲವತ್ತರ ಆಸುಪಾಸಿನ ತೆಳ್ಳಗಿನ ಮನುಷ್ಯ. ಯಾವುದೋ ಕಾಲದಲ್ಲಿ ಪಿಕ್ಚರ್ ಟ್ಯೂಬಿನ ಹಿಂದಿನ ಕರೆಂಟು ಹೊಡೆದು ಬಲಗೈಯ ಎರಡು ಬೆರಳುಗಳ ತುದಿ ಸುಟ್ಟುಹೋಗಿತ್ತು. ಉಳಿದ ಮೂರರಲ್ಲೇ ಸೋಲ್ಡರಿಂಗ್ ಕಡ್ಡಿಯನ್ನು ಪೆನ್ನಿನ ಹಾಗೆ ಹಿಡಿಯುತ್ತಿದ್ದರು. ಕಾಲೇಜಿನಿಂದ ಬಂದವಳು ಪುಸ್ತಕಗಳನ್ನು ಮೆಟ್ಟಿಲ ಮೇಲಿಟ್ಟು ಅವರ ಅಂಗಡಿಯ ಸ್ಟೂಲಿನ ಮೇಲೆ ಕೂತುಬಿಡುತ್ತಿದ್ದೆ. ವಾರಕ್ಕೊಮ್ಮೆ ಸಂಜೆ ನಾಲ್ಕಕ್ಕೆ ವಿದೇಶಿ ಚಾನೆಲ್ಲೊಂದರಲ್ಲಿ ಬಾಹ್ಯಾಕಾಶದ ಧಾರಾವಾಹಿ ಬರುತ್ತಿತ್ತು. ನಾನು ಹುಟ್ಟುವ ಮೊದಲೇ ಶುರುವಾಗಿ, ಎರಡನೆಯ ಸರಣಿಯಾಗಿ, ಮೂರನೆಯದಾಗಿ, ನಡುನಡುವೆ ಸಿನಿಮಾಗಳೂ ಆಗಿ ಮುಗಿಯದೆ ನಡೆದಿದ್ದ ಕಥೆ ಅದು. ಯಾರ ಹೆಸರನ್ನೂ ಇಲ್ಲಿ ಬರೆಯಬಾರದೆಂದುಕೊಂಡಿದ್ದೇನೆ, ಅದರ ಹೆಸರನ್ನೂ.

ಕಥೆ ಸರಳ. ಮನುಷ್ಯರ ದೊಡ್ಡ ಹಡಗೊಂದು ದೂರದ ಗ್ರಹಕ್ಕೆ ಹೋಗಿ ಅಲ್ಲಿ ಊರು ಕಟ್ಟಿದೆ. ಬೂದಿ ಬಣ್ಣದ ಮುಖದ ಒಂದು ಜನಾಂಗ ಮತ್ತೆ ಮತ್ತೆ ಬಂದು ಆ ಊರಿನ ಮೇಲೆ ಬೀಳುತ್ತದೆ. ಅವರು ಮಾತಾಡುವುದಿಲ್ಲ, ಕೊಲ್ಲುತ್ತಾರೆ. ಬೆಳ್ಳಿಗೂದಲಿನ ದಳಪತಿ ಪ್ರತಿ ಸಲವೂ ಅವರನ್ನು ಓಡಿಸುತ್ತಾನೆ.

“ಕಾಕಾ, ಆವಾಜ್ ಸ್ವಲ್ಪ ಹೆಚ್ಚು ಮಾಡ್ರಿ,” ಎಂದು ಮೊದಲ ದಿನ ಕೇಳಿದ್ದೆ.

“ಆವಾಜ್ ಮಾಡಿದ್ರ ರಿಪೇರಿಗೆ ಬಂದ ಸೆಟ್ಟಿನ ಗುಂಯ್ ಅನ್ನೂ ಸಪ್ಪಳ ನನಗ ಕೇಳಂಗಿಲ್ಲ ತಂಗಿ. ನೀ ಹತ್ರ ಕುಂದ್ರು.”

ನಾನು ಸ್ಪೀಕರಿಗೆ ಕಿವಿ ಹಚ್ಚಿ ಕೂರುತ್ತಿದ್ದೆ. ಅವರು ತಮ್ಮ ಮೇಜಿನಿಂದಲೇ ಆಗಾಗ ತಲೆಯೆತ್ತಿ ನೋಡುತ್ತಿದ್ದರು. ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಬಂದಿದ್ದರೂ ಅಲ್ಲಿಗೆ ಕೇಳಿಸುತ್ತಿರಲಿಲ್ಲ. ಹೀಗೆ ನಾನು ಕಥೆ ಕೇಳಿದೆ, ಅವರು ಕಥೆ ನೋಡಿದರು. ಎರಡು ವರ್ಷ ಕಳೆದಿರಬೇಕು, ಒಂದು ದಿನ ಸ್ಕ್ರೂಡ್ರೈವರ್ ಕೆಳಗಿಟ್ಟು ಇದ್ದಕ್ಕಿದ್ದಂತೆ ಹೇಳಿದರು:

“ಆ ಬೂದಿ ಮಾರಿ ಮಂದಿ ಕೆಟ್ಟವರಲ್ಲ ನೋಡು.”

ನನಗೆ ನಗು ಬಂತು. “ಏನ್ ಕಾಕಾ, ಪ್ರತಿ ಸಲ ಬಂದು ಮಂದೀನ ಕೊಲ್ತಾರ. ನೀವು ಅವರ ಪರ ಮಾತಾಡ್ತೀರಲ್ಲ!”

“ಕೊಲ್ತಾರ, ಖರೇ. ಆದ್ರ ಇಷ್ಟು ದೊಡ್ಡ ಆಕಾಶ ಐತಿ, ಅದೊಂದ ಜಾಗಾಕ್ಕ ಯಾಕ ಬರ್ತಾರ? ಬಂದ ಕೂಡ್ಲೆ ಏನ್ ಮಾಡ್ತಾರ, ನೋಡಿಯೇನು? ಬಂದೂಕು ಎತ್ತೂದಕ್ಕಿಂತ ಮೊದಲ ಬಗ್ಗಿ ನೆಲಾ ಮುಟ್ತಾರ. ಅದು ಅವರ ಊರು ತಂಗಿ. ಈ ಬಿಳಿಗೂದಲಿನಾಂವ ಕಸಗೊಂಡು ಕುಂತಾನ.”

ನಾನು ನೋಡಿರಲಿಲ್ಲ. ಮುಂದಿನ ವಾರ ಮಾತಿಗೆ ಕಿವಿಗೊಡದೆ ಬರೀ ನೋಡಿದೆ. ಹೌದು, ಬೂದಿ ಮುಖದವನೊಬ್ಬ ಮಂಡಿಯೂರಿ, ಅಂಗೈಯನ್ನು ನೆಲಕ್ಕೆ ಒತ್ತಿ, ಆಮೇಲೆ ಎದ್ದ. ಕ್ಷಣದ ದೃಶ್ಯ. ಅದರ ಬಗ್ಗೆ ಕಥೆಯಲ್ಲಿ ಯಾರೂ ಒಂದು ಮಾತೂ ಆಡಲಿಲ್ಲ.

ಅದನ್ನು ಅವರು ಹೇಗೆ ಕಂಡುಕೊಂಡರೆಂಬುದು ಗೊತ್ತಾದದ್ದು ಬೇಸಿಗೆಯ ಒಂದು ಮಧ್ಯಾಹ್ನ. ಕರೆಂಟು ಹೋಗಿತ್ತು. ಅಂಗಡಿಯೊಳಗೆ ಸೆಕೆ. ಕಾಕಾ ಹೊಸ್ತಿಲ ಮೇಲೆ ಕೂತು, ನಾನು ಕೇಳದಿದ್ದರೂ ತಮ್ಮ ಊರಿನ ಮಾತು ತೆಗೆದರು. ಅಣೆಕಟ್ಟಿನ ನೀರಿನಲ್ಲಿ ಮುಳುಗಿದ ಊರು. ಅವರಿಗಾಗ ಹತ್ತು ಹನ್ನೊಂದು ವಯಸ್ಸು. ಮನೆ ಬಿಟ್ಟು ಅಮ್ಮಿನಬಾವಿಯ ಸೋದರಮಾವನ ಮನೆಗೆ ಬಂದು ಸೇರಿದ್ದರು.

“ಬ್ಯಾಸಗಿಯೊಳಗ ನೀರು ಇಳೀತಿತ್ತು. ಮನಿ ಗ್ವಾಡಿ ಬುಡಾ ಕಾಣ್ತಿದ್ದುವಂತ. ನಮ್ಮಪ್ಪ ವರ್ಷಾ ಹೋಗ್ತಿದ್ದ. ಕೆಸರಿನ್ಯಾಗ ನಡಕೊಂಡು ಹೋಗಿ, ಹೊಸ್ತಲಾ ಇದ್ದ ಜಾಗಾ ಕೈಲೆ ಮುಟ್ಟಿ ತಿರುಗಿ ಬರ್ತಿದ್ದ. ಮನ್ಯಾಗ ಎಲ್ಲಾರೂ ಬೈತಿದ್ರು. ಒಂದು ವರ್ಷ ಹ್ವಾದಾಂವ ಬರಲಿಲ್ಲ. ಎದಿಮಟಾ ಕೆಸರಿನ್ಯಾಗ ಸಿಕ್ಕೊಂಡಿದ್ದ. ಎಳದು ತಗಿಯೂದ್ರಾಗ ಆಗಿಹೋಗಿತ್ತು.”

ಇನ್ನೂ ಬಹಳ ಹೇಳಿದರು. ಮನೆಯಲ್ಲಿ ಏನೇನಿತ್ತು, ಯಾವ ದನ, ಯಾರ ಮನೆ ಯಾವ ಕಡೆಗೆ. ಕರೆಂಟು ಬಂದ ಕೂಡಲೇ ಎದ್ದು ಕೆಲಸಕ್ಕೆ ಕೂತರು.

ಪದವಿ ಮುಗಿಸಿ ನಾನು ಸ್ಟೇಷನ್ ಹತ್ತಿರದ ಸಾರಿಗೆ ಆಫೀಸೊಂದರಲ್ಲಿ ಕಂಪ್ಯೂಟರ್ ಆಪರೇಟರ್ ಆದೆ. ಪಕ್ಕದಲ್ಲೇ ಸೈಬರ್ ಕೆಫೆ ತೆರೆಯಿತು. ಊಟದ ಬಿಡುವಿನಲ್ಲಿ ಅಲ್ಲಿ ಹೋಗಿ ಕೂರುವುದು ಚಟವಾಯಿತು. ಆ ಧಾರಾವಾಹಿಯ ಅಭಿಮಾನಿಗಳದ್ದೇ ಒಂದು ಚರ್ಚಾಕೂಟ ಇಂಟರ್ನೆಟ್ಟಿನಲ್ಲಿ ಸಿಕ್ಕಿತು. ಯಾವ್ಯಾವುದೋ ದೇಶದವರು ಅಲ್ಲಿ ಕಾದಾಡುತ್ತಿದ್ದರು. ಹಳೆಯ ದಳಪತಿ ಮೇಲೋ, ಮೂರನೆಯ ಸರಣಿಯ ಹೆಣ್ಣು ದಳಪತಿ ಮೇಲೋ, ಎರಡನೆಯ ಸಿನಿಮಾವನ್ನು ಕಥೆಯ ಲೆಕ್ಕಕ್ಕೆ ಹಿಡಿಯಬೇಕೋ ಬೇಡವೋ. ನಾನು ಹೆಣ್ಣು ದಳಪತಿಯೇ ಮೇಲು ಎಂದು ಬರೆದು ಮೊದಲ ವಾರವೇ ಬೈಸಿಕೊಂಡೆ. ಬೈಗುಳವೂ ಒಂದು ಬಗೆಯ ಗಮನವಾಗಿತ್ತು. ಆಫೀಸಿನಲ್ಲಿ ದಿನವಿಡೀ ಲಾರಿ ನಂಬರುಗಳನ್ನು ಒತ್ತುವವಳನ್ನು ಅಷ್ಟು ಕೂಡ ಯಾರೂ ಗಮನಿಸುತ್ತಿರಲಿಲ್ಲ.

ಒಂದು ಮಧ್ಯಾಹ್ನ ಕಾಕಾನ ಮಾತನ್ನು ಬರೆದೆ. ನನ್ನದೇ ವಿಚಾರ ಎನ್ನುವ ಹಾಗೆ ಬರೆದೆ. ಬೂದಿ ಮುಖದವರೇ ಆ ಗ್ರಹದ ಮೂಲದವರು, ದಳಪತಿ ಕಳ್ಳ, ನಾವೆಲ್ಲ ಇಷ್ಟು ವರ್ಷ ಕಳ್ಳನಿಗೆ ಚಪ್ಪಾಳೆ ತಟ್ಟಿದ್ದೇವೆ. ನೆಲ ಮುಟ್ಟುವ ದೃಶ್ಯಗಳು ಯಾವ ಯಾವ ಕಂತಿನಲ್ಲಿವೆ ಎಂದು ನೆನಪಿದ್ದಷ್ಟು ಪಟ್ಟಿ ಕೊಟ್ಟೆ.

ಮರುದಿನ ಹೋಗಿ ನೋಡಿದರೆ ಉತ್ತರಗಳು ಪುಟಗಟ್ಟಲೆ ಬೆಳೆದಿದ್ದವು. ಕೆಲವರು ನನ್ನನ್ನು ಕೊಂಡಾಡಿದ್ದರು. ಇಂಥ ಕಣ್ಣು ಯಾರಿಗಿದೆ ಎಂದಿದ್ದರು. ಒಂದು ವಾರ ನೆಲದ ಮೇಲೆ ಕಾಲಿರಲಿಲ್ಲ. ಕಾಕಾಗೆ ಹೇಳಲಿಲ್ಲ. ಮೆಟ್ಟಿಲು ಹತ್ತುವಾಗ ಅಂಗಡಿಯ ಕಡೆ ನೋಡುವುದನ್ನೂ ತಪ್ಪಿಸುತ್ತಿದ್ದೆ.

ಎರಡನೆಯ ವಾರ ಗಾಳಿ ತಿರುಗಿತು. ನಾನು ದಳಪತಿಯನ್ನು ಅವಮಾನಿಸಿದ್ದೇನೆಂದು ಹಳಬರು ಗುಂಪುಕಟ್ಟಿದರು. ನನಗೆ ಇಂಗ್ಲಿಷ್ ತಿಳಿಯುತ್ತದೆಯೇ, ದಳಪತಿ ಆ ಗ್ರಹ ಖಾಲಿಯಿತ್ತೆಂದು ಬಾಯಿಬಿಟ್ಟು ಹೇಳಿದ್ದು ಕೇಳಿಸಲಿಲ್ಲವೇ ಎಂದು ಒಬ್ಬ ಕೇಳಿದ. ನನ್ನ ವ್ಯಾಕರಣದ ತಪ್ಪುಗಳನ್ನು ಇನ್ನೊಬ್ಬ ಕೆಂಪು ಅಕ್ಷರದಲ್ಲಿ ತಿದ್ದಿ ಹಾಕಿದ. ಎಲ್ಲರೂ ನಕ್ಕರು. ಆ ನಗುವನ್ನು ನನ್ನ ಮೇಲಿಂದ ಸರಿಸಬೇಕಿತ್ತು. ನಾನು ಬರೆದದ್ದು ಇದು, ಕನ್ನಡದಲ್ಲಿ ಹೇಳುವುದಾದರೆ:

ಈ ವಾದ ನನ್ನದಲ್ಲ, ನೀವು ಎಷ್ಟು ಕುಣಿಯುತ್ತೀರಿ ಎಂದು ನೋಡಲು ಹಾಕಿದೆ. ಇದು ಹುಬ್ಬಳ್ಳಿಯಲ್ಲಿ ನಮ್ಮ ಮನೆಯ ಕೆಳಗೆ ಟಿ.ವಿ. ರಿಪೇರಿ ಮಾಡುವ ಮೂರು ಬೆರಳಿನವನೊಬ್ಬನ ಮಾತು. ಅವನಿಗೆ ಇಂಗ್ಲಿಷಿನ ಒಂದು ಅಕ್ಷರವೂ ಬರುವುದಿಲ್ಲ. ಅವನ ಊರು ಅಣೆಕಟ್ಟಿನಲ್ಲಿ ಮುಳುಗಿತು, ಅಪ್ಪ ಹೊಸ್ತಿಲು ಮುಟ್ಟಲು ಹೋಗಿ ಕೆಸರಿನಲ್ಲಿ ಹೂತುಹೋದ. ಅಂದಿನಿಂದ ಅವನಿಗೆ ಕಂಡ ಗ್ರಹವೆಲ್ಲ ತನ್ನ ಊರೇ.

ಜನ ನಕ್ಕು ನಕ್ಕು ಸುಸ್ತಾದರು. ನನ್ನನ್ನು ಮತ್ತೆ ಒಳಗೆ ಸೇರಿಸಿಕೊಂಡರು. ಆಮೇಲೆ ಯಾರಾದರೂ ವಿಚಿತ್ರ ವಾದ ಹೂಡಿದರೆ ಅದನ್ನು ‘ರಿಪೇರಿಯವನ ಸಿದ್ಧಾಂತ’ ಎಂದು ಕರೆಯುವುದು ಅಲ್ಲಿ ರೂಢಿಯಾಯಿತು.

ಆ ಕೂಟದಲ್ಲಿ ನಮ್ಮ ಊರಿನವರೇ ಇರಬಹುದೆಂದು ನನಗೆ ಹೊಳೆದಿರಲಿಲ್ಲ. ಒಂದು ಶನಿವಾರ ಮಧ್ಯಾಹ್ನ ಆಫೀಸಿನಿಂದ ಬಂದಾಗ ಅಂಗಡಿಯ ಮುಂದೆ ಎರಡು ಬೈಕು ನಿಂತಿದ್ದವು. ಒಳಗೆ ಮೂವರು ಇಂಜಿನಿಯರಿಂಗ್ ವಿದ್ಯಾರ್ಥಿಗಳು. ಒಬ್ಬನ ಕೈಯಲ್ಲಿ ಕ್ಯಾಮೆರಾ. ಕಾಕಾ ಎದ್ದು ನಿಂತು, ಪ್ಯಾಂಟಿಗೆ ಕೈ ಒರೆಸಿಕೊಳ್ಳುತ್ತ ಮಾತಾಡುತ್ತಿದ್ದರು. ಅವರ ಮುಖದಲ್ಲಿ ಸಂತೋಷವಿತ್ತು. ಕೇಳಲೆಂದೇ ಯಾರೋ ಹುಡುಕಿಕೊಂಡು ಬಂದಿದ್ದಾರೆಂದು ಅವರು ನಂಬಿದ್ದರು.

“ಬರೇ ಮಾತು ಕೇಳಬ್ಯಾಡ್ರಿ. ಅವರ ಕೈ ನೋಡ್ರಿ. ಮೊದಲ ನೆಲಾ ಮುಟ್ತಾರ,” ಎಂದು ಅವರಿಗೆ ತಾಳ್ಮೆಯಿಂದ ತಿಳಿಸಿ ಹೇಳುತ್ತಿದ್ದರು.

ಕ್ಯಾಮೆರಾದವನು ನಗು ತಡೆಯುತ್ತಿದ್ದ. ಇನ್ನೊಬ್ಬ, “ಹಿಂಗೇನ್ರಿ ಅಂಕಲ್?” ಎಂದು ಮಂಡಿಯೂರಿ ಅಂಗಡಿಯ ನೆಲಕ್ಕೆ ಅಂಗೈ ಒತ್ತಿದ. “ನಿಮ್ಮಪ್ಪಾರೂ ಹಿಂಗ ಮುಟ್ಟಾಕ ಹೋಗಿದ್ರಂತಲ್ರಿ, ಕೆಸರಿನ್ಯಾಗ?”

ಮೂವರೂ ನಕ್ಕರು. ಕಾಕಾ ನಗಲಿಲ್ಲ, ಸಿಟ್ಟಿಗೂ ಏಳಲಿಲ್ಲ. ಅವನು ಹೇಳಿದ್ದು ಸರಿಯಾಗಿ ಕೇಳಿಸಿತೇ ಎನ್ನುವಂತೆ ಅವನ ಬಾಯನ್ನೇ ನೋಡಿದರು. ಆಮೇಲೆ ಬಾಗಿಲಲ್ಲಿ ನಿಂತ ನಾನು ಕಣ್ಣಿಗೆ ಬಿದ್ದೆ.

“ತಂಗಿ, ಇವರಿಗೆ ಯಾರ್ ಹೇಳಿದ್ರು?”

“ನನಗ ಗೊತ್ತಿಲ್ಲ ಕಾಕಾ,” ಎಂದೆ.

ಹೇಳಿ ಮೆಟ್ಟಿಲು ಹತ್ತಿ ಹೋದೆ. ಅಮ್ಮ ಊಟಕ್ಕೆ ಬಡಿಸಿದಳು. ತಿಂದೆ. ಕೆಳಗೆ ಬೈಕುಗಳು ಹೊರಟ ಸದ್ದು ಕೇಳಿತು.

ಆ ನಂತರ ಕಾಕಾ ಆ ವಿಷಯ ಎತ್ತಲಿಲ್ಲ. ಆದರೆ ಮರುವಾರ ನಾನು ಅಂಗಡಿಯ ಮುಂದೆ ಹಾದಾಗ, “ಆಫೀಸಿಗೆ ಹೊಂಟ್ರೇನ್ರಿ ಅಕ್ಕಾರ?” ಎಂದರು. ಹತ್ತು ವರ್ಷ ‘ತಂಗಿ, ಬಾ, ಕುಂದ್ರು’ ಎಂದಿದ್ದ ಬಾಯಿ. ಅಂದಿನಿಂದ ನನಗೆ ರಿ ಹಚ್ಚಿಯೇ ಮಾತಾಡಿದರು. ನಮ್ಮ ಕಡೆ ಆ ಒಂದು ಅಕ್ಷರ ಮರ್ಯಾದೆಯ ಗುರುತು. ನನಗೆ ಮಾತ್ರ ಪ್ರತಿ ಸಲವೂ ಮುಖದ ಮೇಲೆ ಬಾಗಿಲು ಹಾಕಿದಂತಾಗುತ್ತಿತ್ತು. ಆ ವರ್ಷವೇ ಅವರು ಅಂಗಡಿ ಖಾಲಿ ಮಾಡಿ ಹಳೇ ಹುಬ್ಬಳ್ಳಿಯ ತಮ್ಮ ಮನೆಯ ಮುಂಗಟ್ಟಿನಲ್ಲೇ ಕೆಲಸ ಹಾಕಿಕೊಂಡರು. ಅಪ್ಪನಿಗೆ ಹೇಳಿದ ಕಾರಣ, ಬಸ್ಸಿನ ಓಡಾಟ ಆಗುವುದಿಲ್ಲ ಎಂದು.

ನಾನು ಬರೆದದ್ದನ್ನು ಅಳಿಸಲು ನೋಡಿದೆ. ಚರ್ಚೆ ಬೆಳೆದ ಮೇಲೆ ಅಳಿಸಲು ಕೂಟದ ನಿಯಮದಲ್ಲಿ ಅವಕಾಶವಿರಲಿಲ್ಲ. ಕೆಲವು ವರ್ಷಗಳ ನಂತರ ಆ ಸರಣಿಯ ಹೊಸ ಸಿನಿಮಾ ಬಂತು. ಅದರ ಕೊನೆಗೆ ದಳಪತಿ ಬೂದಿ ಮುಖದವರ ಹಡಗುಗಳನ್ನೆಲ್ಲ ಒಮ್ಮೆಗೇ ಸುಟ್ಟುಹಾಕುತ್ತಾನೆ. ಕೂಟದಲ್ಲಿ ಹಬ್ಬವೋ ಹಬ್ಬ. ಯಾರೋ ನನ್ನ ಹಳೆಯ ಬರಹವನ್ನು ಹುಡುಕಿ ತೆಗೆದು, ರಿಪೇರಿಯವನು ಈಗ ಏನನ್ನುತ್ತಾನೆ ಎಂದು ಕೇಳಿದ್ದರು. ನಾನು ಎದ್ದು ಹೊರಗೆ ಬಂದೆ. ಮತ್ತೆ ಅಲ್ಲಿಗೆ ಹೋಗಲಿಲ್ಲ.

ಕಾಕಾನ ಮನೆಗೆ ಹೋಗಲು ಇನ್ನೂ ಒಂದು ವರ್ಷ ಬೇಕಾಯಿತು. ಅವರಿಗೆ ಮೈಯಲ್ಲಿ ಆರಾಮಿಲ್ಲವೆಂದು ಅಪ್ಪ ಹೇಳಿದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಹೋದೆ. ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಒರಗಬೇಕಾದಂಥ ಸಂದು. ಮುಂಗಟ್ಟಿನಲ್ಲಿ ಹಿಂಬದಿ ಬಿಚ್ಚಿದ ಟಿ.ವಿ.ಗಳು ಹಾಗೇ ಬಿದ್ದಿದ್ದವು. ಕಾಕಾ ಒಳಗೆ ಮಂಚದ ಮೇಲೆ ಗೋಡೆಗೆ ದಿಂಬು ಇಟ್ಟು ಕೂತಿದ್ದರು. ಮಲಗಿದರೆ ಉಸಿರು ಕಟ್ಟುತ್ತಿತ್ತು. ಶ್ವಾಸಕೋಶ ಹೋಗಿದೆ ಎಂದು ಡಾಕ್ಟರು ಹೇಳಿದ್ದರಂತೆ.

“ಬರ್ರಿ ಅಕ್ಕಾರ,” ಎಂದರು.

ಅವರ ಹೆಂಡತಿ ಚಹಾ ಮಾಡಲು ಒಳಗೆ ಹೋದರು. ನಾನು ಕೂತ ಕೂಡಲೇ ಹೇಳಿಬಿಟ್ಟೆ. “ಕಾಕಾ, ನಿಮ್ಮ ಊರಿನ ಮಾತು ಆ ಹುಡುಗರಿಗೆ ಗೊತ್ತಾಗಿದ್ದು ನನ್ನಿಂದ. ನಾನ ಬರದಿದ್ದೆ.”

“ಗೊತ್ತೈತ್ರಿ.”

“ತಪ್ಪಾತು ಕಾಕಾ.”

ಅವರು ಉಸಿರು ಹತೋಟಿಗೆ ಬರುವವರೆಗೆ ಕಾದು, “ಆ ಮಂದಿ ಏನಾದ್ರು?” ಎಂದು ಕೇಳಿದರು.

ಯಾವ ಮಂದಿ ಎಂದು ನಾನು ಕೇಳುವ ಅಗತ್ಯವಿರಲಿಲ್ಲ. “ಸಿನಿಮಾದಾಗ ಎಲ್ಲಾರನ್ನೂ ಸಾಯಿಸಿಬಿಟ್ರು ಕಾಕಾ.”

“ಸಣ್ಣ ಹುಡುಗರನೂ?”

“ಹುಡುಗರನ್ನ ತೋರಿಸಲಿಲ್ರಿ.”

“ತೋರಸಂಗಿಲ್ಲ,” ಎಂದರು. ಆಮೇಲೆ ಚಹಾ ಬಂತು. ಬಿಸಿ ಇದೆ, ಆರಿಸಿ ಕುಡಿಯಿರಿ ಎಂದು ಹೇಳಿದ್ದೇ ನನ್ನೊಡನೆ ಅವರು ಆಡಿದ ಕೊನೆಯ ಮಾತು.

ಎರಡು ತಿಂಗಳಿಗೆ ತೀರಿಕೊಂಡರು. ಕ್ರಿಯೆಗಳೆಲ್ಲ ಮುಗಿದ ಮೇಲೆ ನಾನು ಮತ್ತೆ ಆ ಮನೆಗೆ ಹೋದೆ. ಅವರ ಹೆಂಡತಿ ನೆಲದ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದರು. ಪಕ್ಕದಲ್ಲಿ ಚಾಪೆ ಹಾಸಿದರು. ಅಕ್ಕಿಯಿಂದ ಕಣ್ಣೆತ್ತದೆ ಕೇಳಿದರು:

“ಅವತ್ತ ಚಹಾ ಮಾಡಾಕತ್ತಾಗ ನಿಮ್ಮ ಮಾತು ಒಳಗಿಂದ ಕೇಳಿಸ್ಕೊಂಡೆ. ಅವರು ಊರಿನ ಮಾತು ನಿಮ್ಮ ಮುಂದ ಹೇಳಿದ್ರೇನ್ರಿ?”

“ಹೌದ್ರಿ. ಒಂದು ಸಲ ಹೇಳಿದ್ರು.”

“ನಮ್ಮ ಮುಂದ ಎಂದೂ ಹೇಳಿಲ್ಲ. ಲಗ್ನ ಆಗಿ ಇಷ್ಟು ವರ್ಷ ಆತು. ಕೇಳಿದ್ರ ಎದ್ದು ಹೊರಗ ಹೋಗಿಬಿಡ್ತಿದ್ರು. ನಮ್ಮ ಮಾವ ಹೆಂಗ ತೀರಿಕೊಂಡ್ರು ಅಂತ ಸೈತ ಗೊತ್ತಿಲ್ಲ. ಏನ್ ಹೇಳಿದ್ರು, ಹೇಳ್ರಿ.”

ಅವರು ಅಕ್ಕಿಯ ಮೊರವನ್ನು ಬದಿಗಿಟ್ಟು ನನ್ನ ಕಡೆ ತಿರುಗಿ ಕೂತರು. ನಾನು ಹೇಳಲು ಶುರುಮಾಡಿದೆ. ನೀರು, ಅಮ್ಮಿನಬಾವಿ, ಬೇಸಿಗೆ, ಹೊಸ್ತಿಲು, ಕೆಸರು. ಒಂದೆರಡು ನಿಮಿಷದಲ್ಲಿ ಮುಗಿದುಹೋಯಿತು.

“ಮನಿ ಹೆಂಗಿತ್ತಂತ? ಮನ್ಯಾಗ ಯಾರ್ಯಾರು ಇದ್ರಂತ?”

ಅಂದು ಕಾಕಾ ಅದನ್ನೆಲ್ಲ ಹೇಳಿದ್ದರು. ದನಗಳ ಹೆಸರು ಸಹ ಹೇಳಿದ್ದರು. ನೆನಪು ಮಾಡಿಕೊಳ್ಳಲು ಎಷ್ಟು ತಿಣುಕಿದರೂ ನನಗೆ ಸಿಕ್ಕಿದ್ದು ನಾನು ಬರೆದಿದ್ದ ಆ ನಾಲ್ಕು ಸಾಲಿನ ಆಸುಪಾಸಿನದು ಮಾತ್ರ. ನಗಿಸಲು ಬೇಕಾದಷ್ಟನ್ನು ಇಟ್ಟುಕೊಂಡು ಉಳಿದದ್ದನ್ನು ನಾನು ಎಂದೋ ಕಳೆದುಕೊಂಡಿದ್ದೆ.

“ಇಷ್ಟ ಏನ್ರಿ?” ಎಂದು ಅವರು ಕೇಳಿದರು.

“ಇಷ್ಟ ನೆನಪೈತ್ರಿ,” ಎಂದೆ.

ಅವರು ತಲೆಯಾಡಿಸಿ, ಮೊರವನ್ನು ಮತ್ತೆ ತೊಡೆಯ ಮೇಲೆ ಎಳೆದುಕೊಂಡರು.