ಮೋಸೆಲ್ ದಂಡೆಯಲ್ಲಿ ಮಾವನವರು, ನಾನು

ಮದುವೆಯಾಗಿ ಆರು ವರ್ಷವಾದರೂ ನನ್ನ ಮತ್ತು ಮಾವನವರ ನಡುವೆ ನಾಲ್ಕು ಮಾತಿಗಿಂತ ಹೆಚ್ಚು ನಡೆದಿರಲಿಲ್ಲ. ಜಗಳವೇನೂ ಇರಲಿಲ್ಲ. ನಮ್ಮ ಕಡೆ ಅಳಿಯನಿಗೆ ಕೊಡುವ ಮರ್ಯಾದೆ ಎಷ್ಟು ದೊಡ್ಡದೆಂದರೆ, ಅದರ ಹಿಂದೆ ಮನುಷ್ಯ ಕಾಣಿಸುವುದೇ ಇಲ್ಲ. ನಾನು ಚಿಕ್ಕೋಡಿಯಿಂದ ಬಸ್ಸು ಹಿಡಿದು, ಅಂಕಲಿಯ ಆಚೆ ಕೃಷ್ಣೆಯ ಸೇತುವೆ ದಾಟಿ ಕಾಗವಾಡದ ಹತ್ತಿರದ ಅವರ ಊರಿಗೆ ಹೋದರೆ, ಅವರು ದ್ರಾಕ್ಷಿ ತೋಟದಿಂದ ಬಂದು, ಕೈಕಾಲು ತೊಳೆದು, ಟೊಪ್ಪಿಗೆ ಸರಿಮಾಡಿಕೊಂಡು ಎದುರಿಗೆ ಕೂಡುತ್ತಿದ್ದರು.

“ಬಂದ್ರೇನ್ರಿ ಮಾಸ್ತರ್ರ?”

“ಬಂದೆನ್ರಿ.”

“ಬಸ್ಸ ಲಗೂ ಸಿಕ್ತೇನ್ರಿ?”

“ಸಿಕ್ತ್ರಿ.”

ಅಲ್ಲಿಗೆ ಮುಗಿಯಿತು. ಆಮೇಲೆ ಅವರು ನೆಲ ನೋಡುತ್ತಿದ್ದರು, ನಾನು ಪೇಪರು ನೋಡುತ್ತಿದ್ದೆ. ಅತ್ತೆ ಒಳಗಿನಿಂದ ಬಂದು ಯಾರಾದರೊಬ್ಬರನ್ನು ಊಟಕ್ಕೆ ಕರೆಯುವ ತನಕ ಇಬ್ಬರಿಗೂ ಬಿಡುಗಡೆ ಇರಲಿಲ್ಲ. ನಾನು ಹೈಸ್ಕೂಲಿನಲ್ಲಿ ಭೂಗೋಳ ಕಲಿಸುವವನು. ಮಗಳನ್ನು ಒಬ್ಬ ರೈತನಿಗೇ ಕೊಡಬೇಕೆಂದು ಅವರಿಗಿತ್ತಂತೆ. ಮಗಳು ಒಪ್ಪಿದ್ದು ನನ್ನನ್ನು. ಅದನ್ನು ಅವರು ಒಮ್ಮೆಯೂ ಎತ್ತಿ ಆಡಲಿಲ್ಲ, ನಾನೂ ಮರೆಯಲಿಲ್ಲ.

ತೊಂಬತ್ತರ ದಶಕದ ನಡುವೆ ಒಂದು ಬೇಸಿಗೆ, ಗಡಿಯ ಆಚೆ ಈಚೆಯ ದ್ರಾಕ್ಷಿ ಬೆಳೆಗಾರರೆಲ್ಲ ಸೇರಿ ಯುರೋಪ್ ಪ್ರವಾಸಕ್ಕೆ ಹೊರಟರು. ಪುಣೆಯ ಒಂದು ಟೂರ್ ಕಂಪನಿ, ಮರಾಠಿ ಮಾತಾಡುವ ಗೈಡು, ಜೊತೆಗೇ ಬರುವ ಅಡುಗೆಯವನು. ಜರ್ಮನಿಯ ನದಿ ದಂಡೆಯ ದ್ರಾಕ್ಷಿ ತೋಟ ನೋಡುವುದು ಮುಖ್ಯ ಉದ್ದೇಶ. ಮಾವನವರು ತಮ್ಮದೂ ಅತ್ತೆಯವರದೂ ಹೆಸರು ಕೊಟ್ಟಿದ್ದರು. ಹೊರಡುವುದು ಮೇ ತಿಂಗಳಲ್ಲಿ ಎಂದು ಗೊತ್ತಾದ ದಿನ ಅತ್ತೆ ಹಿಂದೆ ಸರಿದರು. ಏಪ್ರಿಲ್‌ನಲ್ಲಿ ಬಳ್ಳಿ ಕತ್ತರಿಸುವ ಚಾಟ್ನಿ ಮುಗಿದು, ಮೇನಲ್ಲಿ ಎಳೆ ಚಿಗುರು ಏಳುವ ಕಾಲ.

“ಚಿಗುರು ಬಿಟ್ಟು ನಾ ಎಲ್ಲಿಗೂ ಬರೂದಿಲ್ರಿ,” ಎಂದರು. “ಇಬ್ಬರೊಳಗ ಒಬ್ಬರು ಇಲ್ಲಿ ಇರಾಕ ಬೇಕು. ನಿಮಗ ಇಂಗ್ಲಿಷ್ ಬರೂದಿಲ್ಲ. ಅಳ್ಯಾರಿಗಿ ಬೇಸಿಗಿ ಸೂಟಿ ಐತಿ. ಅವರನ್ನ ಕರ್ಕೊಂಡ ಹೋಗ್ರಿ.”

ನನ್ನ ಹೆಂಡತಿ ಇದನ್ನು ಕೇಳಿ ನಕ್ಕು ನಕ್ಕು ಸಾಕಾದಳು. “ಹದಿನೈದ ದಿನಾ ಇಬ್ಬರೂ ಮೌನವ್ರತ ಮಾಡಿ ಬರ್ರಿ,” ಎಂದಳು.

ಹೋದೆವು. ವಿಮಾನದಲ್ಲಿ ಅವರು ಕಿಟಕಿಯ ಹತ್ತಿರದ ಜಾಗ ನನಗೇ ಬಿಟ್ಟುಕೊಟ್ಟರು. ನಾನು ಅವರಿಗೆ ಬಿಟ್ಟುಕೊಟ್ಟೆ. ಕೊನೆಗೆ ಗೈಡು ಬಂದು ಬೈದಂತೆ ಮಾಡಿ ಅವರನ್ನು ಅಲ್ಲಿ ಕೂಡಿಸಿದಳು. ಹೋಟೆಲಿನಲ್ಲಿ ಇಬ್ಬರಿಗೂ ಒಂದೇ ಕೋಣೆ. ನಾನು ಏಳುವ ಮೊದಲೇ ಅವರು ಸ್ನಾನ ಮುಗಿಸಿ, ಹಾಸಿಗೆ ಮಡಚಿ, ಯಾರೂ ಮಲಗಿಯೇ ಇಲ್ಲವೇನೋ ಎನ್ನುವಷ್ಟು ಒಪ್ಪವಾಗಿಟ್ಟು, ಕುರ್ಚಿಯ ಮೇಲೆ ಕೂತಿರುತ್ತಿದ್ದರು.

ಒಂದು ಸಂಗತಿ ನನ್ನನ್ನು ಕಾಡತೊಡಗಿತು. ಹೊರಗೆ ಇನ್ನೂ ಬಿಸಿಲಿರುವಾಗಲೇ ಸಂಜೆಯ ಊಟಕ್ಕೆ ಅವರು ಎಲ್ಲರ ಜೊತೆ ಮೇಜಿಗೆ ಬರುತ್ತಿದ್ದರು, ಆದರೆ ತಟ್ಟೆ ಮುಟ್ಟುತ್ತಿರಲಿಲ್ಲ. ನಮ್ಮ ಅಡುಗೆಯವನೇ ಮಾಡಿದ ಚಪಾತಿ, ಬೇಳೆ, ಅನ್ನ. ಕೇಳಿದರೆ “ಹಸಿವಿಲ್ರಿ” ಎನ್ನುತ್ತಿದ್ದರು. ನೀರೂ ಕುಡಿಯುತ್ತಿರಲಿಲ್ಲ. ನೀರು ಒಗ್ಗಿಲ್ಲವೇನೋ, ಮನೆ ನೆನಪಾಗಿದೆಯೇನೋ ಎಂದುಕೊಂಡೆ. ಮುಂದೆ ಕೇಳುವಷ್ಟು ಸಲಿಗೆ ಇರಲಿಲ್ಲ.

ಐದನೆಯ ದಿನ ಮೋಸೆಲ್ ನದಿಯ ದಂಡೆಯ ಒಂದು ಸಣ್ಣ ಊರಿನಲ್ಲಿ ಇಳಿದೆವು. ಭೂಗೋಳದ ಪುಸ್ತಕದಲ್ಲಿ ಆ ನದಿಗೆ ಅರ್ಧ ಸಾಲು ಕೂಡ ಇಲ್ಲ. ಎದುರಿಗೆ ನೋಡಿದರೆ ಹಾವಿನಂತೆ ಸುತ್ತಿ ಸುತ್ತಿ ಹರಿಯುವ ಹಸಿರು ನೀರು, ಎರಡೂ ಕಡೆ ಗೋಡೆಯಂತೆ ಎದ್ದ ಗುಡ್ಡ, ಗುಡ್ಡದ ತುಂಬ ದ್ರಾಕ್ಷಿ. ಮಧ್ಯಾಹ್ನದ ಊಟವಾದ ಮೇಲೆ ಗೈಡು, ದೋಣಿಯಲ್ಲಿ ಹೋಗುವವರು ದೋಣಿಗೆ, ಸೈಕಲ್ ಬರುವವರು ಸೈಕಲ್ಲಿಗೆ ಎಂದಳು. ಮಾವನವರು ಮೊದಲ ಸಲ ತಾವಾಗಿಯೇ ಕೈ ಎತ್ತಿದರು. ದೋಣಿಯಿಂದ ಬಳ್ಳಿಯ ಬುಡ ಕಾಣುವುದಿಲ್ಲ ಎಂಬುದು ಅವರ ಲೆಕ್ಕ. ಎಂಬತ್ತರ ದಶಕದಲ್ಲಿ, ತೋಟ ಹೊಸದಾಗಿ ಹಾಕಿದಾಗ, ಸೈಕಲ್ಲಿನ ಹಿಂದೆ ಸಸಿ ಕಟ್ಟಿಕೊಂಡು ಮೀರಜದ ಕಡೆಯಿಂದ ತಂದವರು ಅವರು.

ಸೈಕಲ್ ಅಂಗಡಿಗೆ ನಾವಿಬ್ಬರೂ ಕೊನೆಗೆ ಹೋದೆವು. ಉಳಿದದ್ದು ಒಂದೇ ಸೈಕಲ್. ಉದ್ದನೆಯದು, ಎರಡು ಸೀಟು, ಎರಡು ಜೋಡಿ ಪೆಡಲ್ಲು, ಒಬ್ಬರ ಹಿಂದೆ ಒಬ್ಬರು ಕೂತು ತುಳಿಯುವಂಥದು. ಹ್ಯಾಂಡಲ್ಲು ತಿರುಗುವುದೂ ಬ್ರೇಕು ಇರುವುದೂ ಮುಂದಿನವನ ಕೈಯಲ್ಲಿ ಮಾತ್ರ.

“ನೀವು ಮುಂದ ಕೂಡ್ರಿ,” ಎಂದೆ.

“ಛೇ ಛೇ, ಅಳ್ಯಾರ ಮುಂದ ನಾ ಕೂಡೂದ? ನೀವ ಕೂಡ್ರಿ.”

“ನೀವು ಹಿರ್ಯಾರ್ರಿ.”

“ನೀವು ಕಲ್ತವರ್ರಿ.”

ಅಂಗಡಿಯ ಹೆಂಗಸು ಕೈಕಟ್ಟಿ ನಿಂತು ನೋಡುತ್ತಿದ್ದಳು. ಉಳಿದವರು ಗೈಡಿನ ಹಿಂದೆ ಆಗಲೇ ಹೊರಟುಹೋಗಿದ್ದರು. ಸೋತು ನಾನೇ ಮುಂದೆ ಕೂತೆ. ಕಾಲೇಜು ಬಿಟ್ಟ ಮೇಲೆ ನಾನು ಸೈಕಲ್ ಮುಟ್ಟಿರಲಿಲ್ಲ ಎಂಬುದನ್ನು ಹೇಳಲಿಲ್ಲ.

ಮೊದಮೊದಲು ಚೆನ್ನಾಗಿತ್ತು. ನದಿಯ ಪಕ್ಕದಲ್ಲೇ ಸಪಾಟಾದ ದಾರಿ. ಹಿಂದಿನಿಂದ ಅವರ ಕಾಲಿನ ಬಲ ನನ್ನ ಪೆಡಲ್ಲಿಗೆ ಬಂದು ತಟ್ಟುತ್ತಿತ್ತು. ಅರವತ್ತರ ಆ ಮನುಷ್ಯ ನನ್ನ ಎರಡರಷ್ಟು ತುಳಿಯುತ್ತಿದ್ದರು. ಒಂದು ತಿರುವಿನಲ್ಲಿ, ದೋಣಿಗಳನ್ನು ನೀರಿಗಿಳಿಸಲು ಮಾಡಿದ ಇಳಿಜಾರು ಎಡಕ್ಕೆ ಕವಲೊಡೆದಿತ್ತು. ನಾನು ಗುಡ್ಡದ ಮೇಲಿನ ಹಾಳು ಕೋಟೆಯನ್ನು ನೋಡುತ್ತಿದ್ದೆ. ಸೈಕಲ್ ತಾನಾಗಿ ಇಳಿಜಾರಿಗೆ ಇಳಿಯಿತು.

“ಲೇ! ಬ್ರೇಕ್ ಹಿಡಿಯಲೇ! ಎತ್ತಾಗ ನೋಡಾಕತ್ತಿಯಲೇ ಮಂಗ್ಯಾ!”

ಹಿಡಿದೆ. ಮುಂದಿನ ಗಾಲಿ ಮೋಸೆಲ್ ನದಿಯೊಳಗೆ, ಹಿಂದಿನದು ಕಲ್ಲಿನ ಮೇಲೆ ನಿಂತಿತು. ನನ್ನ ಬೂಟಿನೊಳಗೆ ನೀರು ಹೊಕ್ಕಿತು. ತಿರುಗಿ ನೋಡಿದರೆ ಮಾವನವರ ಮುಖ ಬೆಳ್ಳಗಾಗಿತ್ತು. ನದಿಗೆ ಹೆದರಿ ಅಲ್ಲ.

“ತಪ್ಪಾತ್ರಿ ಮಾಸ್ತರ್ರ,” ಎಂದು ಕೈ ಜೋಡಿಸಿದರು. “ಬಾಯಿ ತಪ್ಪಿ ಬಂತ್ರಿ. ಅಳ್ಯಾರಿಗೆ ಹಂಗ ಅನಬಾರದಿತ್ತು.”

ನನಗೆ ನಗು ಬಂತು. ನಗುತ್ತಲೇ ಅಪ್ಪನ ನೆನಪಾಯಿತು. ನಾನು ಹತ್ತನೆಯ ಇಯತ್ತೆಯಲ್ಲಿದ್ದಾಗ ನನ್ನ ಅಪ್ಪ ತೀರಿಕೊಂಡರು. ಅಂದಿನಿಂದ ಮನೆಯಲ್ಲಿ ನಾನೇ ಹಿರಿಯ, ತಮ್ಮಂದಿರಿಗೆ ಅಣ್ಣ, ಆಮೇಲೆ ಊರಿಗೆಲ್ಲ ಸರ್. ನನ್ನನ್ನು ಬೈಯುವ ಅಧಿಕಾರ ಯಾರಿಗೂ ಉಳಿದಿರಲಿಲ್ಲ.

“ಬೈರಿ ಮಾವಾರ,” ಎಂದೆ. “ಹಿಂಗ ಬೈಸ್ಕೊಂಡು ಭಾಳ ವರ್ಷ ಆಗಿತ್ರಿ.”

ಅವರು ಇಳಿದು, ಸೈಕಲ್ಲನ್ನು ಹಿಂದಕ್ಕೆ ಎಳೆದು, ಮುಂದಿನ ಸೀಟಿನ ಮೇಲೆ ಕೂತರು. “ಹಿಂದ ಏರು,” ಎಂದರು.

ಉಳಿದವರು ಕಣ್ಣಿಗೆ ಕಾಣದಷ್ಟು ಮುಂದೆ ಹೋಗಿದ್ದರು. ಮಾವನವರಿಗೆ ಅದರ ಚಿಂತೆ ಇರಲಿಲ್ಲ. ದಾರಿಯ ಪಕ್ಕದ ಒಂದು ತೋಟದ ಬುಡದಲ್ಲಿ ಸೈಕಲ್ ನಿಲ್ಲಿಸಿ, ಗುಡ್ಡ ಹತ್ತತೊಡಗಿದರು. ಮಣ್ಣೆಂಬುದೇ ಇಲ್ಲ, ಬರೀ ಕಪ್ಪು ಹಾಸುಗಲ್ಲಿನ ಚೂರು. ನಮ್ಮಲ್ಲಿಯಂತೆ ಚಪ್ಪರ ಇಲ್ಲ. ಒಂದೊಂದು ಬಳ್ಳಿಗೆ ಒಂದೊಂದು ಗೂಟ. ಅಲ್ಲಿ ಒಬ್ಬ ಮುದುಕಿ ತಲೆಗೆ ಬಟ್ಟೆ ಕಟ್ಟಿಕೊಂಡು ಚಿಗುರು ಕಟ್ಟುತ್ತಿದ್ದಳು. ನಾನು ಮುಂದೆ ಹೋಗಿ ಇಂಗ್ಲಿಷಿನಲ್ಲಿ ಪರಿಚಯ ಹೇಳಿಕೊಂಡೆ. ಅವಳು ತಲೆ ಅಲ್ಲಾಡಿಸಿದಳು. ಅವಳಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ನನ್ನನ್ನು ಕರೆತಂದ ಉದ್ದೇಶವೇ ಅಲ್ಲಿಗೆ ಮುಗಿದುಹೋಯಿತು.

ಮಾವನವರು ಬಗ್ಗಿ ಒಂದು ಕಲ್ಲಿನ ಚೂರು ಮುಟ್ಟಿ, “ಕಲ್ಲ ಬಿಸಿ ಅದಾವ. ರಾತ್ರಿ ಥಂಡಿಗಿ ಬೇರಿಗೆ ಕಾವು ಇರ್ಲಿ ಅಂತ ಬಿಟ್ಟೀರಿ, ಹೌದಲ್ರಿ?” ಎಂದು ಅವಳನ್ನು ಅಚ್ಚ ಕನ್ನಡದಲ್ಲಿ ಕೇಳಿದರು. ಅವಳು ಕೈ ಬಡಿದು ತನ್ನ ಭಾಷೆಯಲ್ಲಿ ಏನೋ ಉದ್ದಕ್ಕೆ ಹೇಳಿದಳು. ಅವರು ಒಂದು ಎಲೆ ತಿರುವಿ ಬೂದಿ ರೋಗದ ಕಲೆ ತೋರಿಸಿದರು. ಅವಳು ಲೊಚಗುಟ್ಟಿ ಬೆನ್ನಿಗೆ ಔಷಧದ ಡಬ್ಬಿ ಕಟ್ಟಿಕೊಂಡು ಹೊಡೆಯುವ ಅಭಿನಯ ಮಾಡಿದಳು. ಮಾವನವರು ತಾವೂ ಮಾಡಿದರು. ಆರು ವರ್ಷದಲ್ಲಿ ನಾನು ಅವರ ಬಾಯಿಂದ ಅಷ್ಟು ಮಾತು ಕೇಳಿರಲಿಲ್ಲ. ನಾನು ಒಂದು ಕಡೆ ಕೂತು ಬೂಟಿನ ನೀರು ಹಿಂಡುತ್ತಿದ್ದೆ.

ಅವಳು ಬುಟ್ಟಿಯಿಂದ ವೈನಿನ ಬಾಟಲಿ ತೆಗೆದಳು. ಮಾವನವರು ಎರಡೂ ಕೈ ಜೋಡಿಸಿ ಬೇಡವೆಂದರು. ಬೇಜಾರು ಮಾಡಿಕೊಳ್ಳದೆ ಅವಳು ಇನ್ನೊಂದು ಬಾಟಲಿ ತೆಗೆದು, ಮಕ್ಕಳ ಎತ್ತರ ಕೈಯಲ್ಲಿ ತೋರಿಸಿದಳು. ಮಕ್ಕಳು ಕುಡಿಯುವ ಬರೀ ದ್ರಾಕ್ಷಿ ರಸ. ಮಾವನವರು ಕೈಗಡಿಯಾರ ನೋಡಿಕೊಂಡು ಲಗುಬಗೆಯಿಂದ ಕುಡಿದು, ಜೇಬಿನಿಂದ ವಸ್ತ್ರದ ಗಂಟು ಬಿಚ್ಚಿ ನಮ್ಮ ತೋಟದ ಒಣದ್ರಾಕ್ಷಿಯನ್ನು ಅವಳ ಅಂಗೈಗೆ ಸುರಿದರು. ಒಂದೊಂದಾಗಿ ಬಾಯಿಗೆ ಹಾಕಿಕೊಂಡು ಅವಳು ಕಣ್ಣು ಮುಚ್ಚಿದಳು.

ಆಮೇಲೆ ನನ್ನನ್ನು ತೋರಿಸಿ, ಅವರನ್ನು ತೋರಿಸಿ, ಕೂಸನ್ನು ತೂಗುವಂತೆ ಕೈ ಮಾಡಿದಳು. ಮಗನೇ? ಮಾವನವರು ಸುಳ್ಳು ಹೇಳುವವರಲ್ಲ. ಅಳಿಯ ಎಂಬುದನ್ನು ಕೈಸನ್ನೆಯಲ್ಲಿ ವಿವರಿಸಲು ಹೊರಟರು. ಉದ್ದ ಜಡೆ ತೋರಿಸಿದರು, ಕೊರಳಿಗೆ ತಾಳಿ ಕಟ್ಟಿದರು, ತಲೆಯ ಮೇಲೆ ಅಕ್ಷತೆ ಹಾಕಿದರು, ನನ್ನತ್ತ ಬೆರಳು ಮಾಡಿದರು. ಮುದುಕಿಗೆ ನಾನೇ ಮದುಮಗಳು ಎಂದು ಅರ್ಥವಾಗಿರಬೇಕು. ಹೊಟ್ಟೆ ಹಿಡಿದುಕೊಂಡು ನಕ್ಕಳು. ಮಾವನವರು ಎರಡು ಸಲ ಮತ್ತೆ ಯತ್ನಿಸಿ ಕೈಬಿಟ್ಟರು.

“ಹೋಗ್ಲಿ ಬಿಡು. ಮಗಾ ಅಂತ ತಿಳ್ಕೊಳ್ಳಲಿ. ಅದರಾಗ ತಪ್ಪೇನೈತಿ.”

ತಿರುಗಿ ಬರುವಾಗ ದಾರಿಯಲ್ಲಿ ಸೈಕಲ್ ಓಲಾಡತೊಡಗಿತು. ಮಾವನವರು ನಿಲ್ಲಿಸಿ, ನದಿಯ ಕಡೆ ಮುಖ ಮಾಡಿದ ಒಂದು ಬೆಂಚಿನ ಮೇಲೆ ಕೂತುಬಿಟ್ಟರು. ಹಣೆಯಲ್ಲಿ ಬೆವರು. ನಾನು ಚೀಲದಿಂದ ಅಡುಗೆಯವನು ಕಟ್ಟಿಕೊಟ್ಟಿದ್ದ ಚಪಾತಿ, ಶೇಂಗಾ ಚಟ್ನಿ ತೆಗೆದೆ.

“ಬ್ಯಾಡ. ಹೊತ್ತು ಮುಳುಗೇತಿ.”

ಬಿಸಿಲು ನೆತ್ತಿ ಸುಡುತ್ತಿತ್ತು. ಅವರು ಕೈ ಮುಂದೆ ಚಾಚಿದರು. ಕೈಗಡಿಯಾರದಲ್ಲಿ ಎಂಟು ಗಂಟೆ. ನಮ್ಮ ಊರಿನ ಎಂಟು ಗಂಟೆ. ನನ್ನದರಲ್ಲಿ ನಾಲ್ಕೂವರೆ.

ಆಗ ಎಲ್ಲ ಹೊರಬಿತ್ತು. ಹೊತ್ತು ಮುಳುಗಿದ ಮೇಲೆ ಉಣ್ಣದ ವ್ರತವನ್ನು ಅವರೂ ಅತ್ತೆಯೂ ಒಂದೇ ದಿನ ಬಸದಿಯಲ್ಲಿ ಕೂತು ಹಿಡಿದಿದ್ದರು. ಇಲ್ಲಿನ ಸೂರ್ಯ ಬೇರೆ ಹೊತ್ತಿಗೆ ಮುಳುಗುತ್ತಾನೆಂದು ಅವರಿಗೆ ಗೊತ್ತಿರಲಿಲ್ಲವೆಂದಲ್ಲ.

“ಅಲ್ಲಿ ಅಕಿ ಊಟ ಬಿಡೂ ಹೊತ್ತಿಗೆ ನಾನೂ ಬಿಡಬೇಕಲ್ಲ,” ಎಂದರು. “ಕೂಡಿ ಹಿಡದದ್ದು.”

ನಾಲ್ಕು ದಿನ ಅವರು ಮಧ್ಯಾಹ್ನ ಒಂದು ಹೊತ್ತು ಉಂಡು, ಮರುದಿನ ಬೆಳಗಿನವರೆಗೆ ನೀರೂ ಇಲ್ಲದೆ ಬಸ್ಸಿನಲ್ಲಿ ತಿರುಗಿದ್ದರು. ನಾನು ಭೂಗೋಳದ ಮಾಸ್ತರ. ರೇಖಾಂಶದ ಪಾಠ ಹೇಳಬಹುದಿತ್ತು. ಆದರೆ ಅವರ ಮಾತಿನ ಮುಂದೆ ನನ್ನ ರೇಖಾಂಶಕ್ಕೆ ಬೆಲೆ ಇರಲಿಲ್ಲ. ರಸ್ತೆಯಾಚೆ ಒಂದು ಟೆಲಿಫೋನ್ ಗೂಡು ಕಂಡಿತು. ಜೇಬಿನಲ್ಲಿದ್ದ ನಾಣ್ಯಗಳನ್ನೆಲ್ಲ ಹಾಕಿ ಊರಿಗೆ ಹಚ್ಚಿದೆ. ಮೂರನೆಯ ಯತ್ನಕ್ಕೆ ಅತ್ತೆ ಎತ್ತಿದರು. ಎರಡು ಮಾತಿನಲ್ಲಿ ವಿಷಯ ಹೇಳಿ ರಿಸೀವರನ್ನು ಮಾವನವರ ಕೈಗೆ ಕೊಟ್ಟೆ. ಅತ್ತೆಯ ದನಿ ನನಗೂ ಕೇಳುವಷ್ಟು ದೊಡ್ಡದಿತ್ತು.

“ತಲಿ ಗಿಲಿ ಕೆಟ್ಟೈತೇನ್ರಿ ನಿಮಗ? ನಿಮ್ಮ ತಲಿ ಮ್ಯಾಲ ಹೊತ್ತೈತೋ ಇಲ್ಲೋ ಅದನ್ನ ನೋಡ್ರಿ. ಮೊದಲ ಉಣ್ರಿ!”

“ಹೂಂ.”

“ಚಿಗುರು ಛಲೋ ಎದ್ದಾವ. ಉಂಡ್ರಿಲ್ಲೋ?”

“ಉಣ್ತೇನಿ, ತಡಿ. ಇಲ್ಲಿ ಬಳ್ಳಿ ಗೂಟಕ್ಕ ಕಟ್ತಾರ ನೋಡ—” ಅನ್ನುವಷ್ಟರಲ್ಲಿ ನಾಣ್ಯ ಮುಗಿದು ಫೋನು ಕಟ್ಟಾಯಿತು.

ಬೆಂಚಿನ ಮೇಲೆ ಕೂತು ಅವರು ಐದು ಚಪಾತಿ ತಿಂದರು. ಎದುರಿಗೆ ಒಂದು ಉದ್ದನೆಯ ಹಡಗು ಮರಳು ಹೇರಿಕೊಂಡು ನಿಧಾನ ಹೋಗುತ್ತಿತ್ತು. ನಾನು ಅವರ ಗಡಿಯಾರ ತಿರುವಿ ಇಲ್ಲಿನ ಹೊತ್ತಿಗೆ ಇಡಲೇ ಎಂದು ಕೇಳಿದೆ.

“ಬ್ಯಾಡ,” ಎಂದು ಕೈ ಹಿಂದಕ್ಕೆ ತೆಗೆದುಕೊಂಡರು. “ಅದು ಹಂಗ ಇರ್ಲಿ. ಅಕಿ ಈಗ ಏನ್ ಮಾಡಾಕತ್ತಾಳ ಅಂತ ಗೊತ್ತಾಗತೈತಿ.”

ಬಸ್ಸಿಗೆ ಮುಕ್ಕಾಲು ಗಂಟೆ ತಡವಾಗಿ ಮುಟ್ಟಿದೆವು. ಗೈಡು ಮರಾಠಿಯಲ್ಲಿ ಚೆನ್ನಾಗಿ ಬೈದಳು. ಮಾವನವರು ತಪ್ಪು ತಮ್ಮದೇ ಎಂದರು. ನಾನು ನನ್ನದು ಎಂದೆ.

ಅದೇ ವರ್ಷ ದಸರೆ ಸೂಟಿಯಲ್ಲಿ ಅಕ್ಟೋಬರ್ ಚಾಟ್ನಿಗೆ ನನಗೆ ಬುಲಾವ್ ಬಂತು. ಅಳಿಯನನ್ನು ತೋಟದ ಕೆಲಸಕ್ಕೆ ಕರೆಯುವುದು ನಮ್ಮಲ್ಲಿ ಇಲ್ಲದ ಪದ್ಧತಿ. ಹೆಂಡತಿ ಆಶ್ಚರ್ಯಪಟ್ಟಳು. ಮಾವನವರು ಕತ್ತರಿ ಕೈಗೆ ಕೊಟ್ಟು, ಕಡ್ಡಿಯ ಮೇಲೆ ಚಿಗುರು ಒಡೆಯುವ ಎಷ್ಟನೆಯ ಕಣ್ಣಿಗೆ ಕತ್ತರಿಸಬೇಕೆಂದು ಬೆರಳಿಟ್ಟು ತೋರಿಸಿದರು. ಮೊದಲ ದಿನ ನಾನು ಹಾಳು ಮಾಡಿದ ಕಡ್ಡಿಗಳನ್ನು ಅವರು ಸದ್ದಿಲ್ಲದೆ ಆರಿಸಿ ಸಾಲಿನ ಹೊರಗೆ ಇಡುತ್ತ ಬಂದರು. ಮೂರನೆಯ ದಿನ ಇಡುವುದು ನಿಂತಿತು.

ಮಧ್ಯಾಹ್ನ ಬುತ್ತಿ ತಂದ ಅತ್ತೆ ಬದುವಿನ ಮೇಲೆ ನಿಂತು ಕೇಳಿದರು: “ಮುಂಜಾನಿಂದ ನೋಡಾಕತ್ತೀನಿ, ಇಬ್ಬರೂ ಬಾಯಿ ಮುಚ್ಚವಲ್ಲರಿ. ಏನ್ ಅಷ್ಟು ಮಾತಾಡ್ತೀರಿ?”

“ಏನಿಲ್ಲ,” ಎಂದರು ಮಾವನವರು, ಮುಂದಿನ ಬಳ್ಳಿಗೆ ಸರಿಯುತ್ತ. “ಮಳಿ ಬಗ್ಗೆ.”