ಮೇಷ್ಟ್ರು ಮತ್ತು ಹಳದಿ ಬಾಗಿಲು

ಚನ್ನಬಸಪ್ಪ ಮೇಷ್ಟ್ರ ಬಲಗೈಯ ನಡುವಿನ ಮೂರು ಬೆರಳು ಮಡಚುತ್ತಿರಲಿಲ್ಲ. ರೊಟ್ಟಿಯನ್ನು ಎಡಗೈಯಲ್ಲಿ ಮುರಿದು, ಹೆಬ್ಬೆರಳು ಕಿರುಬೆರಳುಗಳ ನಡುವೆ ಸಿಕ್ಕಿಸಿಕೊಂಡು ಶೇಂಗಾ ಚಟ್ನಿಗೆ ಅದ್ದುತ್ತಿದ್ದರು. ಕೆಲಸಕ್ಕೆ ಸೇರಿದ ಮೊದಲ ದಿನ ಊಟದ ಮೇಜಿನಲ್ಲಿ ನಾನು ಅದನ್ನೇ ಕದ್ದು ನೋಡುತ್ತಿದ್ದೆ. ಅವರಿಗೆ ಗೊತ್ತಾಯಿತು. "ಕದ್ಯಾಕೆ ನೋಡ್ತೀಯವ್ವಾ, ಧಾರಾಳವಾಗಿ ನೋಡು. ಎಲೆಕ್ಷನ್ ಡ್ಯೂಟಿಗೆ ಸಿಕ್ಕ ಭತ್ಯೆ ಇದು" ಎಂದು ಕೈಯನ್ನು ನನ್ನ ತಟ್ಟೆಯ ಪಕ್ಕದಲ್ಲೇ ಚಾಚಿಟ್ಟರು.

ನಮ್ಮ ಆಫೀಸು ಹೂಡಿಯ ಒಂದು ಗಾಜಿನ ಕಟ್ಟಡದ ಆರನೇ ಮಹಡಿಯಲ್ಲಿತ್ತು. ಅಮೆರಿಕದವರು ಸಾಮಾಜಿಕ ಜಾಲತಾಣದಲ್ಲಿ ಬರೆದದ್ದರ ಮೇಲೆ ಯಾರಾದರೂ ದೂರು ಕೊಟ್ಟರೆ ಅದು ನಮ್ಮ ಪರದೆಗೆ ಬರುತ್ತಿತ್ತು. ಓದಿ ಮೂರರಲ್ಲಿ ಒಂದು ಗುಂಡಿ ಒತ್ತಬೇಕು. ನಿಯಮದ ಒಳಗಿದ್ದರೆ 'ಬಿಡು', ಮೀರಿದ್ದರೆ 'ತೆಗೆ', ಯಾರದಾದರೂ ಜೀವಕ್ಕೆ ಅಪಾಯವಿದ್ದರೆ 'ತುರ್ತು'. ತುರ್ತು ಒತ್ತಿದರೆ ಅಲ್ಲಿನ ಪೊಲೀಸರಿಗೆ ಸುದ್ದಿ ಹೋಗುತ್ತದೆ ಎಂದು ಹೇಳಿದ್ದರು. ಒಂದೊಂದಕ್ಕೆ ನಲವತ್ತು ಸೆಕೆಂಡು. ನಾವು ಒತ್ತಿದ್ದನ್ನು ಮರುದಿನ ಗುಣಮಟ್ಟದ ತಂಡದವರು ನೋಡಿ ಅಂಕ ಕೊಡುತ್ತಿದ್ದರು. ಬೆಳಿಗ್ಗೆ ಆರಕ್ಕೆ ಕೆಲಸ ಶುರು. ಅಲ್ಲಿ ಆಗ ಸಂಜೆ, ಜನ ಉಂಡು ಕೈ ತೊಳೆದು ಬೈಯಲು ಕೂರುವ ಹೊತ್ತು.

ನಾವು ಹೂಡಿಯ ಹಳೆಯ ಒಕ್ಕಲು. ಹೊಲ ಹೋಗಿ ಈಗ ಬಾಡಿಗೆ ಮನೆಗಳಿವೆ. ನನ್ನ ಕೆಲಸವನ್ನು ಅಪ್ಪನಿಗೆ ವಿವರಿಸಿದಾಗ ಅವರು "ಅಂಗಾರೆ ಅಮೇರಿಕದೋರು ಬೈಕೊಳ್ಳೋದ್ನ ಓದಕ್ಕೆ ನಿಂಗೆ ಸಂಬ್ಳನಾ?" ಎಂದಿದ್ದರು. ಇದಕ್ಕಿಂತ ಚೆನ್ನಾಗಿ ಆ ಕೆಲಸವನ್ನು ಯಾರೂ ವಿವರಿಸಿಲ್ಲ.

ಮೇಷ್ಟ್ರು ಚಿತ್ರದುರ್ಗದ ಕಡೆಯವರು. ಅನುದಾನಿತ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಹೇಳಿಕೊಡುತ್ತಿದ್ದವರು, ಮಕ್ಕಳಿಲ್ಲದೆ ಶಾಲೆ ಮುಚ್ಚಿದ ಮೇಲೆ ಐವತ್ತು ದಾಟಿದ ವಯಸ್ಸಿನಲ್ಲಿ ಕಾಡುಗೋಡಿಯಲ್ಲಿ ಒಂದು ರೂಮು ಹಿಡಿದು ನಮ್ಮ ನಡುವೆ ಬಂದು ಕೂತಿದ್ದರು. ಹಣೆಯಲ್ಲಿ ವಿಭೂತಿ, ಕೊರಳಲ್ಲಿ ಆಫೀಸಿನ ಗುರುತಿನ ಚೀಟಿ. ಟೀಮ್ ಲೀಡ್ ಪ್ರದೀಪನಿಂದ ಹಿಡಿದು ಸೆಕ್ಯೂರಿಟಿಯವರ ತನಕ ಎಲ್ಲರಿಗೂ ಅವರು ಮೇಷ್ಟ್ರೇ. ಹೊಸಬರಿಗೆ ಕೆಲಸ ಕಲಿಸುವುದೂ ಅವರ ಪಾಲಿಗೆ ಬಂದಿತ್ತು. ನಾನು ಕಲಿತದ್ದು ಅವರ ಪಕ್ಕದ ಕುರ್ಚಿಯಲ್ಲಿ.

ಅಮೆರಿಕದಲ್ಲಿ ಅಧ್ಯಕ್ಷರ ಅವಧಿಯ ನಡುವೆ ಸಂಸತ್ತಿಗೆ ಚುನಾವಣೆ ನಡೆಯುತ್ತದೆ. ಅದು ಹತ್ತಿರವಾದಂತೆ ಬೈಗುಳ ದಪ್ಪವಾಯಿತು. ಒಂದು ಪಕ್ಷದವರು ಮತ ಎಣಿಸುವವರನ್ನು ನೇಣಿಗೆ ಹಾಕಿ ಎಂದರೆ ಇನ್ನೊಂದು ಪಕ್ಷದವರು ಮನೆಗೆ ಬೆಂಕಿ ಇಡಿ ಎನ್ನುತ್ತಿದ್ದರು. ಹಗ್ಗದ ಚಿತ್ರ, ಬಂದೂಕಿನ ಚಿತ್ರ, ಯಾರದೋ ಮುಖದ ಮೇಲೆ ರಕ್ತ ಬಳಿದ ಚಿತ್ರ. ನಮ್ಮ ಹುಡುಗರೂ ಎರಡು ಪಕ್ಷಗಳಾಗಿ ಕ್ಯಾಂಟೀನಿನಲ್ಲಿ ಕಿತ್ತಾಡಿದರು. ನಿಮ್ಮದು ಯಾವ ಕಡೆ ಎಂದು ಮೇಷ್ಟ್ರನ್ನು ಕೇಳಿದರೆ, ಪೆಟ್ಟಿಗೆ ಕಾಯುವವನಿಗೆ ಪೆಟ್ಟಿಗೆಯ ಕಡೆ ಬಿಟ್ಟು ಬೇರೆ ಕಡೆ ಇಲ್ಲ ಎನ್ನುತ್ತಿದ್ದರು.

ಪೆಟ್ಟಿಗೆಯ ಕಥೆಯನ್ನು ಅವರು ನನಗೆ ಹೇಳಿದ್ದು ಒಂದೇ ಸಲ. ಗ್ರಾಮ ಪಂಚಾಯಿತಿ ಚುನಾವಣೆ. ಅವರು ಮತಗಟ್ಟೆಯ ಅಧಿಕಾರಿ. ಹಿಂದಿನ ದಿನ ಶಾಲೆಯ ಕೋಣೆಯಲ್ಲಿ ಸಾಮಾನು ಜೋಡಿಸುತ್ತಿದ್ದಾಗ ಬಿಳಿ ಪಂಚೆಯ ಒಬ್ಬ ಮನುಷ್ಯ ಟೀ ತಂದುಕೊಟ್ಟ. ಕುಡಿಯುವ ತನಕ ನಿಂತಿದ್ದು, "ಮೇಷ್ಟ್ರೇ, ನಿಮ್ಮನೆ ಮುಂದಿನ ನುಗ್ಗೆಮರ ಈ ಸಲ ಚೆನ್ನಾಗಿ ಬಿಟ್ಟೈತೆ" ಎಂದ. ಮೇಷ್ಟ್ರ ಮನೆ ಅಲ್ಲಿಂದ ನಲವತ್ತು ಮೈಲಿ ದೂರ, ಬೇರೆ ತಾಲೂಕು. ಮನೆಯಲ್ಲಿ ಹೆಂಡತಿ ಒಬ್ಬಳೇ. ಮೇಲಿನ ಅಧಿಕಾರಿಗೆ ಹೇಳಿದರೆ ಅವರು ನಕ್ಕು, ನುಗ್ಗೆಮರ ಹೊಗಳಿದ ಅಂತ ದೂರು ಬರೆಯೋದು ಹೇಗ್ರೀ ಎಂದರು.

ಮರುದಿನ ಮಧ್ಯಾಹ್ನ ಹತ್ತು ಹನ್ನೆರಡು ಜನ ಒಳಗೆ ನುಗ್ಗಿದರು. ಕಾವಲಿಗಿದ್ದ ಒಬ್ಬನೇ ಪೇದೆಯ ತಲೆಗೆ ಸೈಕಲ್ ಚೈನ್ ಬಿತ್ತು. ಸಾಲಿನಲ್ಲಿದ್ದ ಹೆಂಗಸೊಬ್ಬಳನ್ನು ಜುಟ್ಟು ಹಿಡಿದು ಗೋಡೆಗೆ ಅಪ್ಪಳಿಸಿದರು. ಮೇಷ್ಟ್ರು ಮತಪೆಟ್ಟಿಗೆಯ ಮೇಲೆ ಕವುಚಿ ಮಲಗಿ ಅದರ ಹಿಡಿಯನ್ನು ಬಲಗೈಯಲ್ಲಿ ಹಿಡಿದುಕೊಂಡರು. ಬೆನ್ನಿಗೆ ಒದ್ದರು, ಬಿಡಲಿಲ್ಲ. ಕೊನೆಗೆ ಬಿಳಿ ಪಂಚೆಯವನೇ ಬಾಗಿಲಿಗೆ ಒತ್ತಾಗಿ ಇಟ್ಟಿದ್ದ ಗುಂಡುಕಲ್ಲನ್ನು ಎತ್ತಿ ತಂದು, ಮೆಣಸು ಜಜ್ಜಿದ ಹಾಗೆ, ಅವಸರವಿಲ್ಲದೆ ಬೆರಳುಗಳನ್ನು ಜಜ್ಜಿದ. ಪೆಟ್ಟಿಗೆ ಬಾವಿಗೆ ಹೋಯಿತು. "ಕೂಗಾಡೋರು ಬರಲ್ಲವ್ವಾ. ಅವ್ರಿಗೆ ಕೂಗಿದ್ರೇ ಹೊಟ್ಟೆ ತುಂಬ್ತೈತೆ. ನುಗ್ಗೆಮರ ಹೊಗಳ್ತಾನಲ್ಲ, ಅವನು ಬರ್ತಾನೆ" ಎಂದು ಮೇಷ್ಟ್ರು ಕಥೆ ಮುಗಿಸಿದರು.

ಆ ಬೇಸಿಗೆಯಲ್ಲಿ ಅಮೆರಿಕದ ಒಂದು ಸಣ್ಣ ಊರಿನ ಹೆಂಗಸಿನ ವಿಡಿಯೊ ನಮ್ಮ ಪರದೆಗಳಿಗೆ ಬರತೊಡಗಿತು. ಅರವತ್ತರ ಆಸುಪಾಸಿನ ಗುಮಾಸ್ತೆ, ಅಂಚೆಯಲ್ಲಿ ಬಂದ ಮತಗಳನ್ನು ಎಣಿಸುವವಳು. ಯಾವುದೋ ಚಿಕ್ಕ ಚುನಾವಣೆಯ ಎಣಿಕೆಯ ದಿನ ಮೇಜಿನ ಕೆಳಗಿನಿಂದ ಒಂದು ಚೀಲ ಎತ್ತಿದ್ದಳು. ಕಳ್ಳ ಮತಗಳ ಚೀಲ, ದೊಡ್ಡ ಚುನಾವಣೆಗೂ ಇವಳೇ ಎಣಿಸುತ್ತಾಳೆ, ಬಿಡಬೇಡಿ ಎಂದು ಲಕ್ಷಾಂತರ ಜನ ಹಂಚಿದರು. ಮೇಷ್ಟ್ರು ಅದನ್ನು ನಾಲ್ಕು ಸಲ ನೋಡಿ ಜೋರಾಗಿ ನಕ್ಕುಬಿಟ್ಟರು. "ಬುತ್ತಿ ಚೀಲ ಕಣವ್ವಾ ಅದು. ಎಣಿಕೆ ದಿನ ಬುತ್ತಿ ಕಟ್ಕೊಳ್ದೆ ಯಾರು ಹೋಗ್ತಾರೆ?" ಎಂದರು. ಅಂದಿನಿಂದ ಅವಳು ಅವರ ಬಾಯಲ್ಲಿ 'ಆ ಅಕ್ಕ' ಆದಳು. ಕೆಲಸಕ್ಕೆ ಬಂದವರೇ ಆ ಅಕ್ಕನ ಮೇಲೆ ಇವತ್ತು ಏನು ಬಂದಿದೆ ಎಂದು ಕೇಳುತ್ತಿದ್ದರು.

ಅವಳನ್ನು ಕೊಲ್ಲುತ್ತೇನೆ ಎಂದವರ ಬರಹವನ್ನು ನಾವೆಲ್ಲರೂ ತೆಗೆಯುತ್ತಿದ್ದೆವು. ಮೇಷ್ಟ್ರು ಅದರ ಜೊತೆಗೆ ಬೇರೆಯವನ್ನೂ ಹೆಕ್ಕುತ್ತಿದ್ದರು. ಅವಳ ಕಾರು ತೊಳೆಯುವ ದಿನ ಶನಿವಾರ ಎಂದು ಒಬ್ಬ ಬರೆದದ್ದಕ್ಕೆ ತುರ್ತು ಒತ್ತಿದರು. ಅವಳ ಬೀದಿಯ ಮರಗಳು ಚೆನ್ನಾಗಿವೆ ಎಂದದ್ದಕ್ಕೂ ಒತ್ತಿದರು. ಗುಣಮಟ್ಟದ ತಂಡ ಪ್ರತಿಯೊಂದನ್ನೂ ತಪ್ಪು ಎಂದಿತು. ಅವರ ಅಂಕ ನೆಲ ಕಚ್ಚಿತು. ಪ್ರದೀಪ ಕೆಟ್ಟವನಲ್ಲ, ಅವನ ತಲೆಯ ಮೇಲೂ ಒಬ್ಬನಿದ್ದ. "ಸಾರ್, ನೇರವಾಗಿ ಬೆದರಿಸಿದ್ರೆ ಮಾತ್ರ ಅಂತ ರೂಲ್ ಇದೆ ಸಾರ್. ಮರ ಚೆನ್ನಾಗಿದೆ ಅಂದ್ರೆ ನಾನೇನ್ ಮಾಡ್ಲಿ?" ಎಂದು ನನ್ನೆದುರೇ ಗೋಗರೆದ. ಇದೇ ಮಾತನ್ನು ಹಿಂದೆ ಒಬ್ಬರು ಹೇಳಿದ್ದರಪ್ಪಾ ಎಂದು ಮೇಷ್ಟ್ರು ಪರದೆಯ ಕಡೆ ತಿರುಗಿದರು.

ಈಗ ನನ್ನ ವಿಷಯ. ನನಗೆ ಗುಣಮಟ್ಟದ ತಂಡಕ್ಕೆ ಬಡ್ತಿ ಸಿಗುವುದರಲ್ಲಿತ್ತು. ಒಂದು ವಾರ ಅಂಕ ಕೆಡಬಾರದು ಎಂದು ಪ್ರದೀಪ ಕಿವಿಯಲ್ಲಿ ಹೇಳಿದ್ದ. ಆ ಮಂಗಳವಾರ ನನ್ನ ಪರದೆಗೆ ಒಂದು ಫೋಟೊ ಬಂತು. ಒಂದು ಮನೆಯ ಮುಂಭಾಗ. ಕೆಳಗೆ ಮೂರು ಸಾಲು: ಹಳದಿ ಬಾಗಿಲು ಮುದ್ದಾಗಿದೆ. ಎರಡೇ ಮೆಟ್ಟಿಲು. ನಾಯಿಗೆ ವಯಸ್ಸಾಗಿದೆ.

ಬೈಗುಳವಿಲ್ಲ, ವಿಳಾಸವಿಲ್ಲ, ಹೆಸರೂ ಇಲ್ಲ. ಆದರೆ ಅದು ಆ ಅಕ್ಕನ ವಿಡಿಯೊದ ಕೆಳಗೆ ಬಂದಿತ್ತು. ನುಗ್ಗೆಮರ ನನಗೆ ನೆನಪಾಗಲಿಲ್ಲ ಎಂದು ಹೇಳಿದರೆ ನನ್ನ ನಾಲಿಗೆ ಬಿದ್ದುಹೋಗಲಿ. ನೆನಪಾಯಿತು. ಮೇಷ್ಟ್ರು ಪಕ್ಕದಲ್ಲೇ ಇದ್ದರು, ತೋರಿಸಬಹುದಿತ್ತು. ತೋರಿಸಿದರೆ ತುರ್ತು ಒತ್ತು ಎನ್ನುತ್ತಾರೆ ಎಂಬುದೂ ಗೊತ್ತಿತ್ತು, ಅದಕ್ಕೇ ತೋರಿಸಲಿಲ್ಲ. ಮೂವತ್ತೆಂಟನೇ ಸೆಕೆಂಡಿಗೆ 'ಬಿಡು' ಒತ್ತಿದೆ. ಮರುದಿನ ಅದಕ್ಕೆ ನನಗೆ ಪೂರ್ತಿ ಅಂಕ ಬಂತು.

ಶುಕ್ರವಾರ ಬೆಳಿಗ್ಗೆ ಮೇಷ್ಟ್ರ ಪರದೆಗೆ ಇನ್ನೊಂದು ವಿಡಿಯೊ ಬಂತು. ಹೊಡೆದವರೇ ಚಿತ್ರೀಕರಿಸಿ ಹಾಕಿದ್ದರು. ಹಳದಿ ಬಾಗಿಲು ಕೊಡಲಿಯೇಟಿಗೆ ಸೀಳಿತು. ನಾಯಿ ಒಂದೇ ಸಲ ಕುಂಯ್ ಎಂದಿತು. ಆ ಅಕ್ಕನನ್ನು ರಾತ್ರಿ ಉಡುಪಿನಲ್ಲೇ ಎಳೆದು ತಂದು ಮೆಟ್ಟಿಲಿನ ಅಂಚಿಗೆ ಮುಖ ಒತ್ತಿಹಿಡಿದು ಬ್ಯಾಟಿನಿಂದ ಹೊಡೆದರು. ದವಡೆ ಮುರಿದ ಸದ್ದು ಮೇಷ್ಟ್ರ ಇಯರ್‌ಫೋನಿನಿಂದ ನನಗೂ ಕೇಳಿಸಿತು. ಅಂಥ ವಿಡಿಯೊಗಳನ್ನು ನಡುವೆ ನಿಲ್ಲಿಸುವಂತಿಲ್ಲ, ಕೊನೆಯ ತನಕ ನೋಡಿಯೇ ತೆಗೆಯಬೇಕು. ಮೇಷ್ಟ್ರು ಕೊನೆಯ ತನಕ ನೋಡಿದರು. ಆಮೇಲೆ ಹಳೆಯ ಬರಹಗಳಲ್ಲಿ ಹಳದಿ ಬಾಗಿಲನ್ನು ಹುಡುಕಿ ಆ ಮೂರು ಸಾಲನ್ನು ಹೊರತೆಗೆದರು. 'ಬಿಡು' ಒತ್ತಿದವರ ಸಿಬ್ಬಂದಿ ಸಂಖ್ಯೆ ಪಕ್ಕದಲ್ಲಿತ್ತು. ಅದು ನನ್ನ ಸಂಖ್ಯೆ ಎಂದು ಅವರಿಗೆ ಗೊತ್ತಿತ್ತು.

ನನ್ನ ಕಡೆ ತಿರುಗಲಿಲ್ಲ. ಎದ್ದು, ಕೀಬೋರ್ಡನ್ನು ವೈರಿನ ಸಮೇತ ಕಿತ್ತು ಪ್ರದೀಪನ ಕೋಣೆಯ ಗಾಜಿಗೆ ಬೀಸಿದರು. ಗಾಜು ಬಿರುಕುಬಿಟ್ಟಿತು. ಎರಡನೇ ಸಲ ಬೀಸಿದಾಗ ಪುಡಿಯಾಗಿ ಸುರಿಯಿತು. ಒಂದು ಚೂರು ಪ್ರದೀಪನ ಹುಬ್ಬು ಸೀಳಿ ಅಂಗಿಯೆಲ್ಲ ರಕ್ತವಾಯಿತು. ಪಾಠ ಮಾಡುವ ಧ್ವನಿ ಬಿಟ್ಟರೆ ಬೇರೆ ಧ್ವನಿಯೇ ಇಲ್ಲದ ಮನುಷ್ಯ "ನುಗ್ಗೆಮರ, ನುಗ್ಗೆಮರ" ಎಂದು ಕಿರುಚುತ್ತಿದ್ದರು. ಯಾರಿಗೂ ಅರ್ಥವಾಗಲಿಲ್ಲ. ಸೆಕ್ಯೂರಿಟಿಯವರು ನೆಲಕ್ಕೆ ಕೆಡವಿ ಅವರ ಬಲಗೈಯನ್ನೇ ಬೆನ್ನಿಗೆ ತಿರುಚಿದರು. ಅರ್ಥವಾಗಿದ್ದ ನಾನೊಬ್ಬಳು ಕುರ್ಚಿಯಿಂದ ಏಳಲಿಲ್ಲ. ಇವತ್ತಿಗೂ ನನಗೆ ನನ್ನ ಮೇಲೆ ಅಸಹ್ಯ ಬರುವುದು ಆ ಕುರ್ಚಿಯ ನೆನಪಾದಾಗ.

ಅಂದೇ ಅವರನ್ನು ಕೆಲಸದಿಂದ ತೆಗೆದರು. ಪೊಲೀಸರ ತನಕ ಹೋಗಬಾರದೆಂದು ಪ್ರದೀಪನೇ ಹುಬ್ಬಿಗೆ ಹೊಲಿಗೆ ಹಾಕಿಸಿಕೊಂಡು ಬಂದು ತಡೆದ. ಭಾನುವಾರ ನಾನು ಕಾಡುಗೋಡಿಯ ಅವರ ರೂಮಿಗೆ ಹೋದೆ. ಟ್ರಂಕು ಕಟ್ಟಿಟ್ಟಿದ್ದರು. ಊರಿನ ಕಡೆ ಯಾವುದೋ ಹಾಸ್ಟೆಲಿನಲ್ಲಿ ವಾರ್ಡನ್ ಕೆಲಸವಂತೆ. ಆ ಅಕ್ಕ ಬದುಕಿದ್ದಾಳೆ, ಪತ್ರಿಕೆಯಲ್ಲಿ ಬಂದಿದೆ ಎಂದು ಅವರೇ ಮೊದಲು ಹೇಳಿದರು. ಚಹಾ ಮಾಡಿಕೊಟ್ಟರು. ನಾನು ಅಳುತ್ತಾ ಎಲ್ಲ ಒಪ್ಪಿಕೊಂಡು, ಬೈಯಿರಿ ಮೇಷ್ಟ್ರೇ, ಬೈಯದಿದ್ದರೆ ನಾನು ಎದ್ದು ಹೋಗುವುದಿಲ್ಲ ಎಂದೆ.

"ಬೈಯಲ್ಲವ್ವಾ" ಎಂದರು. "ಬೈದ್ರೆ ನಿಂಗೆ ಹಗುರ ಆಗ್ತೈತೆ."

ಬಸ್ಸಿನ ತನಕ ಟ್ರಂಕಿನ ಒಂದು ಹಿಡಿ ನಾನು ಹಿಡಿದೆ. ಇನ್ನೊಂದನ್ನು ಅವರು ಎಡಗೈಯಲ್ಲಿ ಹಿಡಿದರು. ಬಸ್ಸು ಹೊರಡುವಾಗ ಕಿಟಕಿಯಿಂದ ಕೈ ಬೀಸಿದರು. ಆ ಮೂರು ಬೆರಳು ನೆಟ್ಟಗೆ ನಿಂತಿದ್ದವು. ಅದೇ ಕೊನೆ.

ಬಡ್ತಿಯನ್ನು ನಾನು ಬೇಡವೆಂದೆ. ಪ್ರದೀಪ ಕಾರಣ ಕೇಳಲಿಲ್ಲ. ಚುನಾವಣೆಗೆ ಇನ್ನು ಮೂರು ವಾರವಿದೆ ಎನ್ನುವಾಗ ನನ್ನ ಪರದೆಗೆ ಆ ಅಕ್ಕನ ಹೊಸ ಫೋಟೊ ಬಂತು. ದವಡೆಗೆ ಪಟ್ಟಿ ಕಟ್ಟಿಕೊಂಡು ಅಂಚೆ ಮತಗಳ ಮೇಜಿಗೆ ವಾಪಸು ಬಂದು ಕೂತಿದ್ದಳು. ಕಾಲ ಬಳಿ ಅದೇ ಚೀಲ. ಕೆಳಗೆ ನೂರಾರು ಬೈಗುಳ, ನೂರಾರು ಹಾರೈಕೆ. ಅವುಗಳ ನಡುವೆ ಒಬ್ಬ ಸಭ್ಯವಾಗಿ ಬರೆದಿದ್ದ: ಬಾಗಿಲಿಗೆ ಈ ನೀಲಿ ಬಣ್ಣ ಒಪ್ಪಿದೆ. ಹೊಸ ನಾಯಿ ಇನ್ನೂ ಮರಿ.

ನಾನು ತುರ್ತು ಒತ್ತಿದೆ. ಎರಡು ಸೆಕೆಂಡು ಸಹ ಹಿಡಿಯಲಿಲ್ಲ.

ಮರುದಿನ ಗುಣಮಟ್ಟದ ತಂಡದವರು ಅದನ್ನು ತಪ್ಪು ಎಂದಿದ್ದರು. ಕಾರಣದ ಜಾಗದಲ್ಲಿ 'ಬಣ್ಣದ ಬಗ್ಗೆ ಅಭಿಪ್ರಾಯ' ಎಂದಿತ್ತು. ಊಟದ ಹೊತ್ತಿಗೆ ಮೇಷ್ಟ್ರಿಗೆ ಫೋನು ಮಾಡಿದೆ, ಪೂರ್ತಿ ರಿಂಗಾಗಿ ನಿಂತಿತು. ಬಂದು ಕೂತಾಗ ಅದೇ ಸಭ್ಯ ಮನುಷ್ಯನ ಇನ್ನೊಂದು ಸಾಲು ಕಾದಿತ್ತು. ಅದಕ್ಕೂ ತುರ್ತು ಒತ್ತಿದೆ.